ವರುಣ ಕ್ಷೇತ್ರ ಎಲ್ಲಿಂದ ಎಲ್ಲಿವರೆಗೆ? ಚುನಾವಣಾ ಆಯೋಗದ ಆನ್‌ಲೈನ್ ಸೇವೆಗಳ ವಿಮರ್ಶೆ

ಊರು ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತದೆ ಎಂದು ಕೇಳಿದರೆ ಚುನಾವಣಾ ಆಯೋಗದ ಮತದಾರರ ಪೋರ್ಟಲ್ ಒಂದೆರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಆ ಕ್ಷೇತ್ರದ ಗಡಿ ಎಲ್ಲಿದೆ, ಅದು ಯಾವಾಗ ಹುಟ್ಟಿತು, ಅದಕ್ಕೂ ಮೊದಲು ಈ ಊರು ಯಾವ ಕ್ಷೇತ್ರದಲ್ಲಿತ್ತು ಎಂದರೆ ಅದೇ ಪೋರ್ಟಲ್ ಸುಮ್ಮನಾಗುತ್ತದೆ. ಉತ್ತರ ಮೂರ್ನಾಲ್ಕು ದಾಖಲೆಗಳಲ್ಲಿ ಚದುರಿಹೋಗಿದೆ. ಅವುಗಳಲ್ಲಿ ಯಾವುದನ್ನು ಎಷ್ಟು ನಂಬಬಹುದು ಎಂಬುದನ್ನು ಮೈಸೂರು ಜಿಲ್ಲೆಯ 219ನೇ ಕ್ಷೇತ್ರ ವರುಣವನ್ನು ಮುಂದಿಟ್ಟುಕೊಂಡು ನೋಡಿದ್ದೇವೆ.

ಪರೀಕ್ಷೆಗೆ ವರುಣಕ್ಕಿಂತ ಒಳ್ಳೆಯ ಕ್ಷೇತ್ರ ಸಿಗುವುದು ಕಷ್ಟ. ಮೈಸೂರು, ನಂಜನಗೂಡು, ತಿ. ನರಸೀಪುರ ಈ ಮೂರು ತಾಲ್ಲೂಕುಗಳ ತುಂಡುಗಳನ್ನು ಸೇರಿಸಿ ಮಾಡಿದ ಕ್ಷೇತ್ರ ಇದು. ತಾಲ್ಲೂಕು ಕೇಂದ್ರ ಒಂದೂ ಇದರೊಳಗಿಲ್ಲ. ಮೈಸೂರಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯ ವರುಣ ಗ್ರಾಮ, ಸಿದ್ದರಾಮನಹುಂಡಿ, ಕಪಿಲಾ ದಡದ ಸುತ್ತೂರು ಎಲ್ಲವೂ ಇದರಲ್ಲೇ. ಜಿಲ್ಲೆ ಮೈಸೂರು, ಲೋಕಸಭಾ ಕ್ಷೇತ್ರ ಮಾತ್ರ ಚಾಮರಾಜನಗರ. ಹೀಗಾಗಿ ತಾಲ್ಲೂಕು ಹಿಡಿದು ಹುಡುಕಿದರೂ ಪೂರ್ತಿ ಸಿಗದು, ಲೋಕಸಭಾ ಕ್ಷೇತ್ರ ಹಿಡಿದು ಹುಡುಕಿದರೂ ದಾರಿ ತಪ್ಪುತ್ತದೆ.

ಮೂಲ ದಾಖಲೆ 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣೆ ಆಯೋಗ ಸಿದ್ಧಪಡಿಸಿದ ಇದು ಚುನಾವಣಾ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 2008ರ ಮೇ ತಿಂಗಳ ಕರ್ನಾಟಕ ಚುನಾವಣೆಯೇ ಹೊಸ ಗಡಿಗಳಲ್ಲಿ ನಡೆದ ದೇಶದ ಮೊದಲ ವಿಧಾನಸಭಾ ಚುನಾವಣೆ. ವರುಣಕ್ಕೆ ಶಾಸಕರು ಬಂದದ್ದು ಅಂದೇ. ಕರಾರುವಾಕ್ಕುತನದಲ್ಲಿ ಈ ದಾಖಲೆಗೆ ಸಾಟಿಯಿಲ್ಲ: ತಾಲ್ಲೂಕು ಪೂರ್ತಿ ಸೇರಿದ್ದರೆ ತಾಲ್ಲೂಕಿನ ಹೆಸರು, ಒಡೆದಿದ್ದರೆ ಹೋಬಳಿ, ಹೋಬಳಿಯೂ ಒಡೆದಿದ್ದರೆ ಅದರ ಕೆಳಗಿನ ಕಂದಾಯ ವೃತ್ತ. ನಕ್ಷೆಯ ಗೆರೆಗೂ ಈ ಪದಗಳಿಗೂ ತಾಳೆಯಾಗದಿದ್ದರೆ ಪದವನ್ನೇ ನಂಬಬೇಕು.

ಆದರೆ ಹೀಗೇಕೆ ಕತ್ತರಿಸಿದರು ಎಂಬುದು ಆದೇಶದ ಪಟ್ಟಿಯಲ್ಲಿ ಕಾಣುವುದಿಲ್ಲ, ನಾವೇ ಲೆಕ್ಕ ಹಾಕಬೇಕು. 2001ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 5,28,50,562. ಅದನ್ನು ವಿಧಾನಸಭೆಯ 224 ಸ್ಥಾನಗಳಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸರಾಸರಿ 2,35,940. ಮೈಸೂರು ಜಿಲ್ಲೆಯ 26,41,027 ಜನರನ್ನು ಇದರಿಂದ ಭಾಗಿಸಿದರೆ 11.19, ಅಂದರೆ 11 ಸ್ಥಾನ. ಕೊಡಗಿನ ಲೆಕ್ಕ 2.32ಕ್ಕೆ ನಿಂತದ್ದರಿಂದ ಸೋಮವಾರಪೇಟೆ ಕ್ಷೇತ್ರ ಹೋಗಿ ಎರಡೇ ಉಳಿದವು. ವಿಧಾನಸಭಾ ಕ್ಷೇತ್ರವೊಂದು ಜಿಲ್ಲೆಯ ಗಡಿ ದಾಟಬಾರದು ಎಂಬ ನಿಯಮವಿತ್ತು, ತಾಲ್ಲೂಕಿನ ಗಡಿ ದಾಟಲು ಅಡ್ಡಿಯಿರಲಿಲ್ಲ. ಹಾಗಾಗಿ ಬನ್ನೂರು ಕ್ಷೇತ್ರ ಮರೆಯಾಯಿತು, ಮೂರು ತಾಲ್ಲೂಕುಗಳು ಕೂಡುವ ಜಾಗದಲ್ಲಿ ವರುಣ ಎದ್ದುನಿಂತಿತು. ಭಾಗಾಕಾರ ಗೊತ್ತಿದ್ದವರಿಗೆಲ್ಲ ಅರ್ಥವಾಗುವ ಈ ಲೆಕ್ಕವನ್ನು ಕ್ಷೇತ್ರದ ವಿವರದ ಪಕ್ಕದಲ್ಲೇ ಕನ್ನಡದಲ್ಲಿ ಕೊಡಬೇಕಿತ್ತು. ಕೊಟ್ಟಿಲ್ಲ ಎಂಬುದು ನಮ್ಮ ದೊಡ್ಡ ಅಸಮಾಧಾನ.

ಆದೇಶದ ಇನ್ನೊಂದು ತೊಡಕು, ಅದರೊಳಗೆ ಕಾಲ ನಿಂತುಹೋಗಿದೆ. ಹರಪನಹಳ್ಳಿಯನ್ನು (104) ಅದು ದಾವಣಗೆರೆ ಜಿಲ್ಲೆಯಲ್ಲಿ ತೋರಿಸುತ್ತದೆ. ತಾಲ್ಲೂಕು ಆಮೇಲೆ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದರೂ ಲೋಕಸಭಾ ಕ್ಷೇತ್ರ ಇಂದಿಗೂ ದಾವಣಗೆರೆಯೇ. ಹೆಗ್ಗಡದೇವನಕೋಟೆಯಿಂದ ಬೇರೆಯಾದ ಸರಗೂರು ಆದೇಶದಲ್ಲಿ ತಾಲ್ಲೂಕೇ ಅಲ್ಲ. ಬೆಂಗಳೂರಿನವರು ಇನ್ನೂ ಎಚ್ಚರದಿಂದ ಓದಬೇಕು: ಅಲ್ಲಿರುವುದು ಹಳೆಯ ಮಹಾನಗರಪಾಲಿಕೆಯ 100 ವಾರ್ಡ್‌ಗಳ ಕಾಲದ ಸಂಖ್ಯೆಗಳು. ಈಗಿನ ವಾರ್ಡ್ ಸಂಖ್ಯೆ ಹಿಡಿದು ಓದಿದರೆ ಬೇರೆ ಬಡಾವಣೆಯನ್ನೇ ತಲುಪುತ್ತೀರಿ.

ಹಾಗಾಗಿ ಊರೊಂದರ ಜಾಗ ಖಚಿತಪಡಿಸಿಕೊಳ್ಳಲು ನಾವು ಹೇಳುವ ಕ್ರಮ ಹೀಗಿದೆ. ಮೊದಲು ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ (ಮತದಾರರ ಗುರುತಿನ ಚೀಟಿಯ ಸಂಖ್ಯೆ) ಹಾಕಿ. ಹೆಸರು, ವಯಸ್ಸು ಕೊಟ್ಟೂ ಹುಡುಕಬಹುದು, ಆದರೆ ಹೆಸರಿನ ಕಾಗುಣಿತ ಒಂದಕ್ಷರ ತಪ್ಪಿದರೂ ಕೈಕೊಡುತ್ತದೆ. ಕ್ಷೇತ್ರ, ಭಾಗ ಸಂಖ್ಯೆ (ಒಂದು ಮತಗಟ್ಟೆಯ ಪಟ್ಟಿಯೇ ಒಂದು ಭಾಗ), ಕ್ರಮ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಜಿಲ್ಲೆ, ಕ್ಷೇತ್ರ, ಭಾಗ ಆರಿಸಿ ಮತದಾರರ ಪಟ್ಟಿಯ ಪಿಡಿಎಫ್ ಇಳಿಸಿಕೊಳ್ಳಿ. ಒಳಪುಟಗಳು ಚಿತ್ರರೂಪದಲ್ಲಿರುವುದರಿಂದ ಹೆಸರು ಟೈಪ್ ಮಾಡಿ ಹುಡುಕಲಾಗದು. ನಮಗೆ ಬೇಕಾದದ್ದು ಮೊದಲ ಪುಟ: ಮುಖ್ಯ ಗ್ರಾಮ, ತಾಲ್ಲೂಕು, ಜಿಲ್ಲೆ, ಪೊಲೀಸ್ ಠಾಣೆ, ಪಿನ್‌ಕೋಡ್, ಆ ಭಾಗಕ್ಕೆ ಸೇರಿದ ಬೀದಿಗಳು, ಮತಗಟ್ಟೆಯ ವಿಳಾಸ ಎಲ್ಲವೂ ಕನ್ನಡದಲ್ಲಿವೆ. ಕ್ಷೇತ್ರದ ಭೂಗೋಳಕ್ಕೆ ಇದಕ್ಕಿಂತ ಜೀವಂತ ದಾಖಲೆ ಇನ್ನೊಂದಿಲ್ಲ. ಮತಗಟ್ಟೆಗಳನ್ನು ಮರುಹೊಂದಿಸಿದಾಗ ಭಾಗ ಸಂಖ್ಯೆಗಳು ಜರುಗುತ್ತವೆ, ಅದಕ್ಕೆ ಪಟ್ಟಿಯ ವರ್ಷವನ್ನೂ ಜೊತೆಗೆ ಬರೆದಿಡಿ.

ಮತದಾರರಿಲ್ಲದ ಹೊಲ, ಕೆರೆಯಂಗಳಗಳಿಗೆ ಈ ದಾರಿ ನಡೆಯದು. ಅಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು, ಗ್ರಾಮ, ಹೋಬಳಿ ತೋರಿಸುತ್ತದೆ. ಕ್ಷೇತ್ರ ಯಾವುದೆಂದು ಅದು ಹೇಳುವುದಿಲ್ಲ. ಹೋಬಳಿಯ ಹೆಸರನ್ನು ಆದೇಶದಲ್ಲಿ ನೀವೇ ಹುಡುಕಬೇಕು. ಸಾರ್ವಜನಿಕವಾಗಿ ಸಿಗುವ ಕ್ಷೇತ್ರ ನಕ್ಷೆಗಳು ಯಾವ ಕ್ಷೇತ್ರದ ಪಕ್ಕ ಯಾವುದು ಎಂದು ನೋಡಲು ಸಾಕು, ಗಡಿಯಂಚಿನ ಹಳ್ಳಿ ಆಚೆಯೋ ಈಚೆಯೋ ಎಂದು ತೀರ್ಮಾನಿಸಲು ಸಾಲವು.

ಇತಿಹಾಸಕ್ಕೆ ಆಯೋಗದ ಚುನಾವಣಾ ಅಂಕಿಅಂಶ ವರದಿಗಳಿವೆ. ಫಲಿತಾಂಶದ ಮಟ್ಟಿಗೆ ಗಟ್ಟಿ: 2008, 2013ರಲ್ಲಿ ಸಿದ್ದರಾಮಯ್ಯ, 2018ರಲ್ಲಿ ಅವರ ಮಗ ಯತೀಂದ್ರ, 2023ರಲ್ಲಿ ಮತ್ತೆ ಸಿದ್ದರಾಮಯ್ಯ. ಎಡವುವುದು ವರ್ಷಗಳನ್ನು ಜೋಡಿಸುವಾಗ. ಹಿಂದಿನ, 1976ರ ಪುನರ್ವಿಂಗಡಣೆ ಆದೇಶದಲ್ಲಿ 1ನೇ ಕ್ಷೇತ್ರ ಔರಾದ್, ಈಗ ನಿಪ್ಪಾಣಿ. ಸಂಖ್ಯೆ ನೋಡಿ 2004ನ್ನೂ 2008ನ್ನೂ ಜೋಡಿಸಿದರೆ ಎಲ್ಲವೂ ತಲೆಕೆಳಗು. ಹೆಸರು ನೋಡಿ ಜೋಡಿಸಿದರೂ ಪೂರ್ತಿ ಸರಿಯಲ್ಲ. 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ 257 ಮತಗಳಿಂದ ಗೆದ್ದ ಚಾಮುಂಡೇಶ್ವರಿಯೂ ಈಗಿನ 215ನೇ ಚಾಮುಂಡೇಶ್ವರಿಯೂ ಒಂದೇ ನೆಲವಲ್ಲ, ಹಳೆಯದರ ಒಂದು ಪಾಲು ವರುಣಕ್ಕೆ ಹೋಗಿದೆ.

ಇದು ಬರೀ ಇತಿಹಾಸಾಸಕ್ತರ ಗೋಳು ಎಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಮತದಾರರ ಪಟ್ಟಿಯ ಹಿಂದಿನ ವಿಶೇಷ ತೀವ್ರ ಪರಿಷ್ಕರಣೆ (ಎಸ್‌ಐಆರ್) ನಡೆದದ್ದು 2002ರಲ್ಲಿ. ಆ ಪಟ್ಟಿಯಲ್ಲಿ ತಂದೆ ತಾಯಿಯ ಹೆಸರು ಹುಡುಕಬೇಕಾದವರು ಹಳೆಯ ಕ್ಷೇತ್ರದಲ್ಲೇ ಹುಡುಕಬೇಕು, ಏಕೆಂದರೆ ಆಗ ವರುಣ ಎಂಬ ಕ್ಷೇತ್ರವೇ ಇರಲಿಲ್ಲ. ಮೈಸೂರು ತಾಲ್ಲೂಕಿನ ಭಾಗದವರು ಮೊದಲು ಚಾಮುಂಡೇಶ್ವರಿ ನೋಡಿ, ನಂಜನಗೂಡು ತಾಲ್ಲೂಕಿನವರು ನಂಜನಗೂಡು ನೋಡಿ, ತಿ. ನರಸೀಪುರ ತಾಲ್ಲೂಕಿನವರು ತಿ. ನರಸೀಪುರದ ಜೊತೆಗೆ ಬನ್ನೂರನ್ನೂ ನೋಡಿ. ಅಲ್ಲಿಯೂ ಕಾಣದಿದ್ದರೆ ಪಕ್ಕದ ಕ್ಷೇತ್ರದ ಭಾಗಗಳಲ್ಲಿ ಊರ ಹೆಸರಿನಿಂದ ಹುಡುಕಿ, ಸಿಕ್ಕ ಪುಟವನ್ನು ಭಾಗ ಸಂಖ್ಯೆ ಕಾಣುವಂತೆ ಮುದ್ರಿಸಿಟ್ಟುಕೊಳ್ಳಿ.