ಮೂರು ಸಂಸ್ಥೆಗಳ ಮೇಲೊಂದು ಹಳೆಯ ಹೆಸರು: ದಕ್ಷಿಣ ಆಫ್ರಿಕಾದ ಯೂನಿಸಾ ದೂರಶಿಕ್ಷಣ ಸೇವೆಯ ವಿಮರ್ಶೆ

ದೂರಶಿಕ್ಷಣದ ವಿದ್ಯಾರ್ಥಿಗೆ ತರಗತಿಯ ಕೊಠಡಿಯಾಗಲಿ, ಹಾಸ್ಟೆಲಿನ ಸಹವಾಸವಾಗಲಿ ಸಿಗುವುದಿಲ್ಲ. ವರ್ಷಗಟ್ಟಲೆ ಶುಲ್ಕ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಓದಿದ ಮೇಲೆ ಅವನ ಕೈಗೆ ಬರುವುದು ಒಂದು ಪದವಿ ಪತ್ರ, ಮತ್ತು ಉದ್ಯೋಗದಾತರು ಆ ಪತ್ರದಲ್ಲಿ ಮೊದಲು ಓದುವುದು ವಿಶ್ವವಿದ್ಯಾನಿಲಯದ ಹೆಸರನ್ನು. ಆದ್ದರಿಂದ ಎರಡು ಮೂರು ದೂರಶಿಕ್ಷಣ ಸಂಸ್ಥೆಗಳನ್ನು ಒಂದುಗೂಡಿಸುವಾಗ ಹೊಸ ಸಂಸ್ಥೆಯನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು ಆಡಳಿತಗಾರರ ಒಣ ಚರ್ಚೆಯೆಂದು ತಳ್ಳಿಹಾಕಲಾಗದು. ವಿದ್ಯಾರ್ಥಿ ಹಣ ಕೊಟ್ಟು ಪಡೆಯುವ ಸೇವೆಯ ಮುಖ್ಯ ಭಾಗವೇ ಅದು. ಈ ದೃಷ್ಟಿಯಿಂದ ಪರಿಶೀಲಿಸಲು ನನಗೆ ತಿಳಿದಂತೆ ಅತ್ಯಂತ ಯೋಗ್ಯವಾದ ಉದಾಹರಣೆ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾನಿಲಯ, ಅಂದರೆ ಎಲ್ಲರೂ ಯೂನಿಸಾ ಎಂದು ಕರೆಯುವ ಸಂಸ್ಥೆ. ಇಂದು ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಈ ವಿಶ್ವವಿದ್ಯಾನಿಲಯ ಈಗಿನ ರೂಪಕ್ಕೆ ಬಂದದ್ದು 2004ರ ಜನವರಿಯಲ್ಲಿ, ಮೂರು ಸಂಸ್ಥೆಗಳ ವಿಲೀನದಿಂದ.

ಆ ಮೂರೂ ಒಂದೇ ಅಂತಸ್ತಿನವಾಗಿರಲಿಲ್ಲ. ಹಳೆಯ ಯೂನಿಸಾದ ಬೇರು 1873ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿದ ಕೇಪ್ ಆಫ್ ಗುಡ್ ಹೋಪ್ ವಿಶ್ವವಿದ್ಯಾನಿಲಯದಲ್ಲಿದೆ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಅದು ಪಾಠ ಹೇಳದೆ ಪರೀಕ್ಷೆ ಮಾತ್ರ ನಡೆಸುತ್ತಿತ್ತು. ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದ 1916ರಲ್ಲಿಯೇ ಅಲ್ಲಿ ಹೊಸ ಕಾಯಿದೆಯೊಂದು ಅಂಗೀಕಾರವಾಯಿತು. 1918ರಲ್ಲಿ ಅದು ಜಾರಿಗೆ ಬಂದಾಗ ಸಂಸ್ಥೆಗೆ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾನಿಲಯವೆಂಬ ಹೆಸರು ಬಂದು, ಅದರ ಕೇಂದ್ರ ಪ್ರಿಟೋರಿಯಾಕ್ಕೆ ಸ್ಥಳಾಂತರವಾಯಿತು. ಅದರ ಅಡಿಯಲ್ಲಿದ್ದ ಕಾಲೇಜುಗಳು ಒಂದೊಂದಾಗಿ ಸ್ವತಂತ್ರ ವಿಶ್ವವಿದ್ಯಾನಿಲಯಗಳಾಗಿ ಹೊರನಡೆದ ಮೇಲೆ, 1946ರಲ್ಲಿ ಅದು ಅಂಚೆಯ ಮೂಲಕ ಬೋಧಿಸುವ ವಿಭಾಗವನ್ನು ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಸ್ಥಾಪನೆಯಾದದ್ದು 1969ರಲ್ಲಿ ಎಂಬುದನ್ನು ನೆನೆದರೆ ಈ ಹೆಜ್ಜೆ ಎಷ್ಟು ಮುಂಚಿನದೆಂಬುದು ತಿಳಿಯುತ್ತದೆ. ನೆಲ್ಸನ್ ಮಂಡೇಲಾ ಸೆರೆಯಲ್ಲಿದ್ದುಕೊಂಡೇ 1989ರಲ್ಲಿ ಕಾನೂನು ಪದವಿ ಪಡೆದದ್ದು ಯೂನಿಸಾದಿಂದ. ರಾಬೆನ್ ದ್ವೀಪದ ಇತರ ರಾಜಕೀಯ ಕೈದಿಗಳೂ ಇದೇ ದಾರಿಯಲ್ಲಿ ಓದಿದರು.

ಎರಡನೆಯದು ಟೆಕ್ನಿಕಾನ್ ಸದರ್ನ್ ಆಫ್ರಿಕಾ. ಜೋಹಾನ್ಸ್‌ಬರ್ಗಿನ ಪಶ್ಚಿಮಕ್ಕೆ, ಫ್ಲೋರಿಡಾ ಎಂಬ ಬಡಾವಣೆಯಲ್ಲಿದ್ದ ಈ ಸಂಸ್ಥೆ ಕೆಲಸಕ್ಕೆ ನೇರವಾಗಿ ಒದಗುವ ಡಿಪ್ಲೊಮಾಗಳನ್ನು ದೂರಶಿಕ್ಷಣದ ಮೂಲಕ ನೀಡುತ್ತಿತ್ತು. ಮೂರನೆಯದು ವಿಸ್ಟಾ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಕೇಂದ್ರ, ಸಂಕ್ಷಿಪ್ತವಾಗಿ ವುಡೆಕ್. ವಿಸ್ಟಾ ಎಂಬುದು 1981ರ ಕಾಯಿದೆಯಿಂದ, ನಗರಗಳ ಅಂಚಿನಲ್ಲಿ ಕರಿಯರಿಗೆಂದು ಮೀಸಲಿಟ್ಟ ಟೌನ್‌ಶಿಪ್‌ಗಳಿಗಾಗಿ ವರ್ಣಭೇದ ಸರ್ಕಾರವೇ ಕಟ್ಟಿದ ಸಂಸ್ಥೆ. ಸೊವೆಟೊ, ಮಾಮೆಲೋಡಿ ಮೊದಲಾದೆಡೆ ಅದರ ಶಾಖೆಗಳಿದ್ದವು. ಶಾಲಾ ಶಿಕ್ಷಕರು ತಮ್ಮ ಅರ್ಹತೆಯನ್ನು ಹೆಚ್ಚಿಸಿಕೊಳ್ಳಲು ಆಶ್ರಯಿಸುತ್ತಿದ್ದದ್ದು ವುಡೆಕ್ ಕೇಂದ್ರವನ್ನು.

ಪ್ರಜಾಪ್ರಭುತ್ವ ಬಂದ ಮೇಲೆ ಈ ಹಂಚಿಕೆ ಅರ್ಥ ಕಳೆದುಕೊಂಡಿತು. ಶಿಕ್ಷಣ ಸಚಿವರಾಗಿದ್ದ, ಭಾರತೀಯ ಮೂಲದ ಖಾದರ್ ಅಸ್ಮಲ್ ಅವರ ಕಾಲದಲ್ಲಿ, 2001ರಲ್ಲಿ ಪ್ರಕಟವಾದ ರಾಷ್ಟ್ರೀಯ ಉನ್ನತ ಶಿಕ್ಷಣ ಯೋಜನೆಯು ದೇಶಕ್ಕೆ ಒಂದೇ ಮೀಸಲಾದ ದೂರಶಿಕ್ಷಣ ಸಂಸ್ಥೆ ಸಾಕೆಂದು ಹೇಳಿತು. ದೇಶದಲ್ಲಿದ್ದ ಒಟ್ಟು 36 ಸಾರ್ವಜನಿಕ ಉನ್ನತ ಶಿಕ್ಷಣ ಸಂಸ್ಥೆಗಳನ್ನು ಕೂಡಿಸಿ ಕಡಿಮೆ ಮಾಡುವ ದೊಡ್ಡ ಕಾರ್ಯಕ್ರಮದ ಒಂದು ಭಾಗವಾಗಿತ್ತು ಅದು. ಒಂದೇ ಪಠ್ಯವನ್ನು ಮೂರು ಕಡೆ ಬರೆಸಿ, ಮೂರು ಕಡೆ ಅಚ್ಚು ಹಾಕಿಸಿ, ಮೂರು ಕಡೆಯಿಂದ ಅಂಚೆಗೆ ಹಾಕುವುದು ದುಂದುವೆಚ್ಚವೆಂಬ ವಾದದಲ್ಲಿ ಹುರುಳಿತ್ತು. ದೂರಶಿಕ್ಷಣದಲ್ಲಿ ಪಠ್ಯ ಸಿದ್ಧಪಡಿಸುವ ಆರಂಭದ ಖರ್ಚು ದೊಡ್ಡದು, ವಿದ್ಯಾರ್ಥಿಗಳು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ.

ಇನ್ನು ಹೆಸರಿನ ವಿಷಯ. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಇತರ ವಿಲೀನಗಳಲ್ಲಿ ಹೊಸ ಹೆಸರುಗಳು ಹುಟ್ಟಿಕೊಂಡವು. ನಟಾಲ್ ವಿಶ್ವವಿದ್ಯಾನಿಲಯವೂ, ಭಾರತೀಯ ಮೂಲದವರಿಗೆಂದು ಸ್ಥಾಪಿತವಾಗಿದ್ದ ಡರ್ಬನ್-ವೆಸ್ಟ್‌ವಿಲ್ ವಿಶ್ವವಿದ್ಯಾನಿಲಯವೂ ಸೇರಿ 2004ರಲ್ಲಿ ಕ್ವಾಜುಲು-ನಟಾಲ್ ವಿಶ್ವವಿದ್ಯಾನಿಲಯವಾದವು. ರಾಂಡ್ ಆಫ್ರಿಕಾನ್ಸ್ ವಿಶ್ವವಿದ್ಯಾನಿಲಯ, ವಿಟ್‌ವಾಟರ್ಸ್‌ರಾಂಡ್ ಟೆಕ್ನಿಕಾನ್ ಹಾಗೂ ವಿಸ್ಟಾದ ಎರಡು ಶಾಖೆಗಳು 2005ರಲ್ಲಿ ಜೋಹಾನ್ಸ್‌ಬರ್ಗ್ ವಿಶ್ವವಿದ್ಯಾನಿಲಯವೆಂಬ ನಿರ್ಲಿಪ್ತ ಹೆಸರಿನಡಿ ಬಂದವು. ಪೋರ್ಟ್ ಎಲಿಜಬೆತ್‌ನಲ್ಲಿ ಅದೇ ವರ್ಷ ಇಟ್ಟ ನೆಲ್ಸನ್ ಮಂಡೇಲಾ ಮೆಟ್ರೊಪಾಲಿಟನ್ ವಿಶ್ವವಿದ್ಯಾನಿಲಯವೆಂಬ ಉದ್ದನೆಯ ಹೆಸರನ್ನು 2017ರಲ್ಲಿ ಮೊಟಕುಗೊಳಿಸಿ ನೆಲ್ಸನ್ ಮಂಡೇಲಾ ವಿಶ್ವವಿದ್ಯಾನಿಲಯವೆಂದು ಮಾಡಬೇಕಾಯಿತು. ಅಂದರೆ ಅಲ್ಲಿ ಒಂದೇ ಪೀಳಿಗೆಯ ಪದವೀಧರರು ತಮ್ಮ ಪತ್ರದ ಮೇಲಿನ ಹೆಸರಿಗೆ ವಿವರಣೆ ಕೊಡುವ ಸ್ಥಿತಿ ಬಂತು. ಯೂನಿಸಾ ಮಾತ್ರ ಬೇರೆ ಹಾದಿ ಹಿಡಿಯಿತು. ಕಾನೂನಿನ ಪ್ರಕಾರ ಹೊಸ ಸಂಸ್ಥೆಯಾದರೂ ಅದು ಹಳೆಯ ಹೆಸರನ್ನೇ ಉಳಿಸಿಕೊಂಡಿತು.

ಸೇವೆಯನ್ನು ಪಡೆಯುವವನ ಕಡೆಯಿಂದ ನೋಡಿದರೆ ಈ ನಿರ್ಧಾರ ಸರಿಯಾದದ್ದೆಂದು ನನ್ನ ಅಭಿಪ್ರಾಯ. ಜಾಂಬಿಯಾದ ಲುಸಾಕಾದಲ್ಲಿಯೋ ಜಿಂಬಾಬ್ವೆಯ ಹರಾರೆಯಲ್ಲಿಯೋ ಕೂತ ನೇಮಕಾತಿ ಅಧಿಕಾರಿಗೆ ಯೂನಿಸಾ ಎಂದರೆ ವಿವರಣೆ ಬೇಕಿಲ್ಲ. 1980ರಲ್ಲಿ ಪದವಿ ಪಡೆದವರೂ 2020ರಲ್ಲಿ ಪಡೆದವರೂ ಒಂದೇ ಹೆಸರನ್ನು ಹೇಳುತ್ತಾರೆ. ಹೊಸ ಹೆಸರಿಟ್ಟಿದ್ದರೆ, ಕಟ್ಟಡಗಳೂ ಕ್ರಿಕೆಟ್ ತಂಡವೂ ಇಲ್ಲದ ಒಂದು ಅಂಚೆ ವಿಶ್ವವಿದ್ಯಾನಿಲಯವು ಆ ಹೆಸರಿಗೆ ಗೌರವ ಗಳಿಸಿಕೊಡಲು ಹಲವು ದಶಕಗಳನ್ನು ತೆಗೆದುಕೊಳ್ಳುತ್ತಿತ್ತು. (ಕಟ್ಟಡಗಳಿಲ್ಲ ಎಂಬುದು ಪೂರ್ತಿ ನಿಜವಲ್ಲ, ಪ್ರಿಟೋರಿಯಾದ ಮಕ್ಲನ್ಯೂಕ್ ದಿಣ್ಣೆಯ ಮೇಲೆ ಹಡಗಿನಂತೆ ಚಾಚಿಕೊಂಡಿರುವ ಯೂನಿಸಾ ಕಟ್ಟಡವನ್ನು ದಕ್ಷಿಣದಿಂದ ಊರು ಪ್ರವೇಶಿಸುವವರು ತಪ್ಪಿಸಿಕೊಳ್ಳಲಾರರು. ಆದರೆ ಅಲ್ಲಿ ಕಾಲಿಡದೆಯೇ ಪದವಿ ಮುಗಿಸುವವರೇ ಹೆಚ್ಚು.)

ಆದರೆ ಇದರ ಬೆಲೆಯನ್ನು ತೆತ್ತವರು ಉಳಿದ ಇಬ್ಬರು. 2023ರಲ್ಲಿ ಯೂನಿಸಾ ತನ್ನ 150ನೇ ವರ್ಷವನ್ನು ಆಚರಿಸಿತು. ಹೆಸರು ಉಳಿದದ್ದರಿಂದಲೇ ಈ ಲೆಕ್ಕ ಸಾಧ್ಯವಾಯಿತು; ಆದರೆ ಆ ಲೆಕ್ಕದಲ್ಲಿ ಟೆಕ್ನಿಕಾನ್‌ಗಾಗಲಿ ವುಡೆಕ್‌ಗಾಗಲಿ ಸ್ವಂತ ಹುಟ್ಟುಹಬ್ಬವಿಲ್ಲ. ಸೊವೆಟೊದ ಶಿಕ್ಷಕಿಯೊಬ್ಬರು ವುಡೆಕ್‌ನಿಂದ ಪಡೆದ ಡಿಪ್ಲೊಮಾ ಇಂದಿಗೂ ಮಾನ್ಯವೇ, ಅದರ ದಾಖಲೆಗಳನ್ನು ಇಟ್ಟುಕೊಳ್ಳುವ ಹೊಣೆಯೂ ಯೂನಿಸಾದ್ದೇ. ಹಾಗಿದ್ದರೂ ಪತ್ರವನ್ನು ಕೊಟ್ಟ ಸಂಸ್ಥೆ ಭೂಪಟದಲ್ಲಿಲ್ಲ. ವಿಸ್ಟಾ ಅಂತೂ ಪೂರ್ತಿಯಾಗಿ ಹರಿದು ಹಂಚಿಹೋಯಿತು: ಮಾಮೆಲೋಡಿ ಶಾಖೆ ಪ್ರಿಟೋರಿಯಾ ವಿಶ್ವವಿದ್ಯಾನಿಲಯಕ್ಕೆ, ಸೊವೆಟೊ ಶಾಖೆ ಜೋಹಾನ್ಸ್‌ಬರ್ಗಿಗೆ, ಬ್ಲೂಮ್‌ಫಾಂಟೇನ್ ಶಾಖೆ ಫ್ರೀ ಸ್ಟೇಟ್‌ಗೆ, ದೂರಶಿಕ್ಷಣ ಯೂನಿಸಾಕ್ಕೆ. ವರ್ಣಭೇದದ ಕೂಸಾದ ಆ ಹೆಸರು ಉಳಿಯಬೇಕಿತ್ತೆಂದು ಯಾರೂ ವಾದಿಸಲಾರರು. ಆದರೆ ಅಲ್ಲಿ ಓದಿದವರು ಆ ಸಂಸ್ಥೆಯನ್ನು ಆಯ್ಕೆ ಮಾಡಿಕೊಂಡದ್ದು ಬೇರೆ ದಾರಿಯಿಲ್ಲದೆ. ಯೂನಿಸಾದ ಅಧಿಕೃತ ಚರಿತ್ರೆಯಲ್ಲಿ ಅವರಿಗೆ ಇನ್ನಷ್ಟು ಜಾಗ ಸಲ್ಲಬೇಕು.

ಟೆಕ್ನಿಕಾನ್‌ನ ಹೆಸರು ಹೋದರೂ ಅದರ ಗುಣ ಸೇವೆಯಲ್ಲಿ ಉಳಿದಿದೆ. ವಿಲೀನದ ನಂತರ ಯೂನಿಸಾ ಸಮಗ್ರ ವಿಶ್ವವಿದ್ಯಾನಿಲಯವೆಂಬ ವರ್ಗಕ್ಕೆ ಸೇರಿತು, ಅಂದರೆ ಶಾಸ್ತ್ರೀಯ ಪದವಿಗಳೊಂದಿಗೆ ವೃತ್ತಿಪರ ಡಿಪ್ಲೊಮಾಗಳನ್ನೂ ಕೊಡಬಹುದು. ಹೈಯರ್ ಸರ್ಟಿಫಿಕೇಟ್‌ನಿಂದ ಆರಂಭಿಸಿ ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಹೀಗೆ ಮೆಟ್ಟಿಲೇರುವ ವ್ಯವಸ್ಥೆ, ಶಾಲೆಯಲ್ಲಿ ಉತ್ತಮ ಅಂಕ ಪಡೆಯಲಾಗದ ವಯಸ್ಕ ಉದ್ಯೋಗಿಗೆ ನಿಜವಾದ ಅನುಕೂಲ. ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗಗಳು ಇಂದು ಟೆಕ್ನಿಕಾನ್‌ನ ಹಳೆಯ ನೆಲೆಯಾದ ಫ್ಲೋರಿಡಾದಲ್ಲಿವೆ. ಮೂರು ಹಾಳೆಗಳನ್ನು ಒಂದೇ ಕಡತಕ್ಕೆ ಸೇರಿಸಿದ್ದಕ್ಕಿಂತ ಹೆಚ್ಚಿನದು ಈ ವಿಲೀನದಲ್ಲಿ ಏನಾದರೂ ನಡೆದಿದ್ದರೆ ಅದು ಇಲ್ಲಿಯೇ.

ದಿನನಿತ್ಯದ ಸೇವೆಯ ಬಗ್ಗೆ ಕೆಲವು ಮಾತು. ಕಲಿಕೆ ಮಾಡ್ಯೂಲ್‌ಗಳ, ಅಂದರೆ ಬಿಡಿಬಿಡಿ ಪಾಠ ಘಟಕಗಳ, ಲೆಕ್ಕದಲ್ಲಿ ನಡೆಯುತ್ತದೆ, ಶುಲ್ಕವೂ ಹಾಗೆಯೇ. ಸಂಬಳದ ಅಳತೆಗೆ ತಕ್ಕಂತೆ ವರ್ಷಕ್ಕೆ ಎರಡೋ ನಾಲ್ಕೋ ಮಾಡ್ಯೂಲ್ ತೆಗೆದುಕೊಳ್ಳಬಹುದು. ಪಠ್ಯ, ಅಸೈನ್‌ಮೆಂಟ್, ಸೂಚನೆ ಎಲ್ಲವೂ ಮೈಯೂನಿಸಾ ಎಂಬ ಜಾಲತಾಣದ ಮೂಲಕ. 2020ರ ಕೋವಿಡ್ ಕಾಲದಲ್ಲಿ ಪರೀಕ್ಷೆಗಳು ಸಭಾಂಗಣಗಳಿಂದ ಮನೆಯ ಪರದೆಗೆ ಬಂದವು, ಅವುಗಳ ಮೇಲೆ ಕಣ್ಣಿಡಲು ಮೊಬೈಲ್ ಆ್ಯಪ್‌ಗಳೂ ಬಂದವು. ಲೋಡ್‌ಶೆಡ್ಡಿಂಗ್ ಮತ್ತು ದುಬಾರಿ ಡೇಟಾದ ದೇಶದಲ್ಲಿ ಇದು ಎಲ್ಲರಿಗೂ ಒಂದೇ ರೀತಿಯ ಸೌಲಭ್ಯವಾಗಲಾರದು. ಲಿಂಪೊಪೊದ ಹಳ್ಳಿಯಲ್ಲಿರುವ ವಿದ್ಯಾರ್ಥಿಗೆ ಅಂಚೆಯಲ್ಲಿ ಬರುತ್ತಿದ್ದ ದಪ್ಪ ಪುಸ್ತಕವೇ ಹೆಚ್ಚು ನಂಬಿಕೆಗೆ ಅರ್ಹವಾಗಿತ್ತೇನೋ.

ಭಾಷೆಯ ವಿಷಯದಲ್ಲಿ ಹಳೆಯ ಹೆಸರಿನೊಂದಿಗೆ ಹಳೆಯ ವಿವಾದವೂ ಬಂತು. ಇಂಗ್ಲಿಷ್ ಮತ್ತು (ಡಚ್ ವಲಸಿಗರ ನುಡಿಯಿಂದ ಬೆಳೆದ) ಆಫ್ರಿಕಾನ್ಸ್ ಎರಡರಲ್ಲೂ ಕಲಿಸುತ್ತಿದ್ದ ಯೂನಿಸಾ 2016ರಲ್ಲಿ ಇಂಗ್ಲಿಷಿಗಷ್ಟೇ ಸೀಮಿತವಾಗಲು ತೀರ್ಮಾನಿಸಿತು. 2021ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕ್ರಮ ಸಂವಿಧಾನಬಾಹಿರವೆಂದಿತು. ಬೋಧನಾ ಮಾಧ್ಯಮದ ಜಗಳಗಳನ್ನು ಕಂಡಿರುವ ನಮಗೆ ಈ ಸಂಗತಿ ಹೊಸದೆನಿಸದು. ಆದರೆ ಇಡೀ ದೇಶದ ಹೆಸರನ್ನು ಹೊತ್ತ ಸಂಸ್ಥೆಗೆ ಜುಲು, ಸೋಥೊ, ಷೋಸಾ ಮಾತನಾಡುವ ಬಹುಸಂಖ್ಯಾತರ ಬಗ್ಗೆ ಇನ್ನೂ ದೊಡ್ಡ ಹೊಣೆಯಿದೆ, ಮತ್ತು ಆ ಹೊಣೆ ಆಫ್ರಿಕಾನ್ಸ್‌ನ ವ್ಯಾಜ್ಯದಲ್ಲಿ ಹಿಂದೆ ಸರಿಯಿತು.

ಗಾತ್ರ ದೊಡ್ಡದಾದಾಗ ಆಡಳಿತದ ತೊಡಕೂ ದೊಡ್ಡದಾಗುತ್ತದೆ. ಸಚಿವರು ನೇಮಿಸಿದ್ದ ಸ್ವತಂತ್ರ ಪರಿಶೀಲಕರು 2023ರಲ್ಲಿ ಸಂಸ್ಥೆಯನ್ನು ಆಡಳಿತಾಧಿಕಾರಿಯ ಕೈಗೆ ಒಪ್ಪಿಸಬೇಕೆಂದು ಶಿಫಾರಸು ಮಾಡಿದರು, ಆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ದೂರಶಿಕ್ಷಣಕ್ಕೆ ಮೀಸಲಾದ ಸಾರ್ವಜನಿಕ ಸಂಸ್ಥೆ ದೇಶಕ್ಕೆ ಒಂದೇ ಇರುವಾಗ, ಅದು ಎಡವಿದರೆ ವಿದ್ಯಾರ್ಥಿಗೆ ಅಂಥದೇ ಇನ್ನೊಂದು ಅಂಗಡಿಯಿಲ್ಲ. 2001ರ ಯೋಜನೆ ಉಳಿತಾಯದ ಲೆಕ್ಕ ಹಾಕಿದಷ್ಟು ಶ್ರದ್ಧೆಯಿಂದ ಈ ಅಪಾಯದ ಲೆಕ್ಕ ಹಾಕಲಿಲ್ಲವೆಂದು ನನಗೆ ಅನ್ನಿಸುತ್ತದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಕೆಲವು ವರ್ಷ ಯುಜಿಸಿ ಮಾನ್ಯತೆಯಿಲ್ಲದೆ ಉಳಿದು 2018ರಲ್ಲಿ ಅದನ್ನು ಮರಳಿ ಪಡೆಯುವವರೆಗೆ ವಿದ್ಯಾರ್ಥಿಗಳು ಅನುಭವಿಸಿದ ಆತಂಕವನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹೆಸರು ಬದಲಿಸುವುದು ಇನ್ನೊಂದು ತುದಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ನೋಡಬೇಕು. ಅಲ್ಲಿ ಲಾಭಕ್ಕಾಗಿ ನಡೆಯುತ್ತಿದ್ದ ಕಪ್ಲಾನ್ ವಿಶ್ವವಿದ್ಯಾನಿಲಯ 2018ರಲ್ಲಿ ಪರ್ಡ್ಯೂ ಯೂನಿವರ್ಸಿಟಿ ಗ್ಲೋಬಲ್ ಆಯಿತು. ಆನ್‌ಲೈನ್ ಆ್ಯಶ್‌ಫರ್ಡ್ ವಿಶ್ವವಿದ್ಯಾನಿಲಯ 2020ರಲ್ಲಿ ಯೂನಿವರ್ಸಿಟಿ ಆಫ್ ಅರಿಝೋನಾ ಗ್ಲೋಬಲ್ ಕ್ಯಾಂಪಸ್ ಆಯಿತು. ಆ್ಯಶ್‌ಫರ್ಡ್ ತನ್ನ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಿತ್ತೆಂದು 2022ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯ ತೀರ್ಪಿತ್ತು ದಂಡ ವಿಧಿಸಿದ್ದು ಹಳೆಯ ಹೆಸರಿನ ಕಾಲದ ನಡತೆಗೆ. ಅಲ್ಲಿ ಪ್ರತಿಷ್ಠಿತ ಸರ್ಕಾರಿ ವಿಶ್ವವಿದ್ಯಾನಿಲಯದ ಹೆಸರು ಹೊಸ ಗ್ರಾಹಕರನ್ನು ಸೆಳೆಯುವ ಸರಕಾಯಿತು. ಯೂನಿಸಾ ಉಳಿಸಿಕೊಂಡ ಹೆಸರು ಕನಿಷ್ಠಪಕ್ಷ ಅದರ ಸ್ವಂತದ್ದು, ಒಳ್ಳೆಯದಕ್ಕೂ ಕೆಟ್ಟದಕ್ಕೂ ಅದೇ ಜವಾಬ್ದಾರಿ.

ಹುಡುಕಾಟದಲ್ಲಿ ಒಂದು ಚಿಕ್ಕ ಗೊಂದಲ ಎದುರಾಗಬಹುದು. ಆಸ್ಟ್ರೇಲಿಯಾದ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾನಿಲಯವೂ ತನ್ನನ್ನು ಯೂನಿಎಸ್‌ಎ ಎಂದೇ ಕರೆದುಕೊಳ್ಳುತ್ತಿತ್ತು, ಇಂಗ್ಲಿಷಿನಲ್ಲಿ ಅಕ್ಷರಗಳೂ ಅವೇ. ಅದು ಅಡಿಲೇಡ್ ವಿಶ್ವವಿದ್ಯಾನಿಲಯದೊಂದಿಗೆ ವಿಲೀನವಾಗಿ 2026ರಲ್ಲಿ ಅಡಿಲೇಡ್ ಯೂನಿವರ್ಸಿಟಿ ಎಂಬ ಹೆಸರಿನಲ್ಲಿ ಬಾಗಿಲು ತೆರೆದಿರುವುದರಿಂದ ಈ ಗೊಂದಲ ಕಾಲಕ್ರಮೇಣ ಕಡಿಮೆಯಾಗಬೇಕು.

ಜೋಹಾನ್ಸ್‌ಬರ್ಗ್, ಪ್ರಿಟೋರಿಯಾಗಳಿರುವ ಗೌಟೆಂಗ್ ಪ್ರಾಂತ್ಯದಲ್ಲಿ ಕೆಲಸ ಮಾಡುತ್ತಿರುವ, ಅಲ್ಲಿಯೇ ನೆಲೆಸುವ ಮನಸ್ಸಿರುವ ಕನ್ನಡಿಗರಿಗೆ ನಾನು ಯೂನಿಸಾವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ, ಸ್ವಂತವಾಗಿ ಓದುವ ಶಿಸ್ತು ಇದ್ದರೆ ಮಾತ್ರ. ಮೊದಲ ವರ್ಷ ಎರಡೇ ಮಾಡ್ಯೂಲ್ ಹಿಡಿದು ಅಸೈನ್‌ಮೆಂಟ್‌ಗಳ ಗಡುವು, ಪರೀಕ್ಷಾ ಆ್ಯಪ್‌ಗಳ ನಡೆ ಇವನ್ನು ಅರಿತುಕೊಳ್ಳುವುದು ಜಾಣತನ. ಭಾರತಕ್ಕೆ ಮರಳಿ ಸರ್ಕಾರಿ ಉದ್ಯೋಗಕ್ಕೋ ಪಿಎಚ್.ಡಿ.ಗೋ ಅರ್ಜಿ ಹಾಕುವ ಯೋಚನೆಯಿರುವವರು ಶುಲ್ಕ ಕಟ್ಟುವ ಮೊದಲೇ ವಿದೇಶಿ ದೂರಶಿಕ್ಷಣ ಪದವಿಗೆ ಇಲ್ಲಿನ ತತ್ಸಮಾನತೆಯ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಬೇಕು. ತತ್ಸಮಾನತೆಯನ್ನು ನಿರ್ಧರಿಸುವ ಕಚೇರಿಯಲ್ಲಿ 1873 ಎಂಬ ಇಸವಿಗಾಗಲಿ ಮಂಡೇಲಾ ಅವರ ಪದವಿಗಾಗಲಿ ಅಂಕ ಕೊಡುವ ಪದ್ಧತಿಯಿಲ್ಲ.