ಐ2ಸಿ, ಎಸ್‌ಪಿಐ ಡೆಮೊ ಬೋರ್ಡ್: ಹಲವು ವರ್ಷ ಬಳಸಿದ ಮೇಲೆ

ಐ2ಸಿ, ಎಸ್‌ಪಿಐ ಎಂದರೆ ಚಿಪ್‌ಗಳು ಕೆಲವೇ ತಂತಿಗಳ ಮೇಲೆ ಮಾತಾಡಿಕೊಳ್ಳುವ ಎರಡು ವಿಧಾನ. ಅವನ್ನು ಕಲಿಯಲು, ಪರೀಕ್ಷಿಸಲು ಕೆಲವು ಚಿಪ್ ಜೋಡಿಸಿಟ್ಟ ಬೋರ್ಡ್ ಇದು. ನಾವೇ ಕಟ್ಟಿದ ಸರ್ಕ್ಯೂಟ್ ಮಾತಾಡದೆ ಕೂತಾಗ ಈ ಬೋರ್ಡ್‌ನ ಬೆಲೆ ಗೊತ್ತಾಗುತ್ತದೆ. ಕೋಡ್ ತಪ್ಪೋ, ವೈರಿಂಗ್ ತಪ್ಪೋ, ಚಿಪ್ಪೇ ಸತ್ತಿದೆಯೋ? ಮೂರರಲ್ಲಿ ಯಾವುದು ಎಂದು ಹುಡುಕುವುದರಲ್ಲೇ ಇಡೀ ಸಂಜೆ ಹೋಗುತ್ತದೆ. ಅದೇ ಕೋಡನ್ನು ಸರಿಯಾಗಿ ಕೆಲಸ ಮಾಡುತ್ತವೆ ಎಂದು ಮೊದಲೇ ಗೊತ್ತಿರುವ ಚಿಪ್‌ಗಳ ಮೇಲೆ ಓಡಿಸಿದರೆ ಅರ್ಧ ಅನುಮಾನ ಅಲ್ಲೇ ಮುಗಿಯುತ್ತದೆ. ಕೆಲವು ವರ್ಷಗಳಿಂದ ನಾನು ಇದನ್ನು ಬಳಸುತ್ತಿರುವುದು ಮುಖ್ಯವಾಗಿ ಇದಕ್ಕೇ.

ಬೋರ್ಡ್ ಮೇಲೆ ಇರುವುದು ಜಾಸ್ತಿ ಏನಲ್ಲ. ಐ2ಸಿ ಕಡೆ ಮೂರು ಚಿಪ್: 24ಎಲ್‌ಸಿ256 ಮೆಮೊರಿ, ಎಲ್‌ಎಂ75 ತಾಪಮಾನ ಸೆನ್ಸರ್, ಎಂಟು ಎಲ್‌ಇಡಿ ಹೊತ್ತ ಪಿಸಿಎಫ್8574 (ಐ2ಸಿ ಮೂಲಕ ಎಂಟು ಪಿನ್‌ಗಳನ್ನು ನಡೆಸುವ ಚಿಪ್). ಎಸ್‌ಪಿಐ ಕಡೆ ಒಂದು ಫ್ಲಾಶ್ ಮೆಮೊರಿ. ಒನ್-ವೈರ್‌ಗೆ (ಒಂದೇ ಡೇಟಾ ತಂತಿಯ ವಿಧಾನ) ಒಂದು ಡಿಎಸ್18ಬಿ20 ತಾಪಮಾನ ಸೆನ್ಸರ್. ಜೊತೆಗೆ ಕಂಪ್ಯೂಟರ್‌ಗೆ ಜೋಡಿಸಲು ಯುಎಸ್‌ಬಿ ಅಡಾಪ್ಟರ್. ಐ2ಸಿ ಚಿಪ್‌ಗಳು ಸಾಕೆಟ್‌ನಲ್ಲಿ ಕೂತಿವೆ, ಒಂದೊಂದನ್ನೂ ಬಸ್‌ನಿಂದ (ಎಲ್ಲ ಚಿಪ್ ಹಂಚಿಕೊಳ್ಳುವ ತಂತಿಗಳು) ಬೇರೆ ಮಾಡಲು ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಇದೆ. ಈ ಎರಡು ವಿಷಯಕ್ಕೆ ತಯಾರಕರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಹೊಸದಾಗಿ ಜೋಡಿಸುವವರು ಮೊದಲು ನೋಡಬೇಕಾದ್ದು ವೋಲ್ಟೇಜ್ ಜಂಪರ್. ಪೆಟ್ಟಿಗೆಯಿಂದ ತೆಗೆದಾಗ ಅದು 5 ವೋಲ್ಟ್‌ನಲ್ಲಿರುತ್ತದೆ. ಫ್ಲಾಶ್ ಚಿಪ್‌ನ ಮಿತಿ 3.6 ವೋಲ್ಟ್. ಅದರ ಸಪ್ಲೈ ಪ್ರತ್ಯೇಕ 3.3 ವೋಲ್ಟ್ ನಿಜ, ಆದರೆ ಸಿಗ್ನಲ್ ಲೈನ್‌ಗಳಿಗೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕಿಲ್ಲ. ಅಡಾಪ್ಟರ್ 5 ವೋಲ್ಟ್‌ನಲ್ಲಿ ಮಾತಾಡಿದರೆ ಅದು ನೇರವಾಗಿ ಚಿಪ್‌ನ ಕಾಲಿಗೇ ಹೋಗುತ್ತದೆ. ಇದು ವಿನ್ಯಾಸದ ತಪ್ಪು, ಮ್ಯಾನ್ಯುಯಲ್‌ನಲ್ಲಿ ಎಚ್ಚರಿಕೆಯೂ ಇಲ್ಲ. ಜಂಪರನ್ನು 3.3ಕ್ಕೆ ಹಾಕಿ, ಅಲ್ಲೇ ಬಿಡಿ. ಉಳಿದ ಎಲ್ಲ ಚಿಪ್‌ಗಳೂ 3.3 ವೋಲ್ಟ್‌ನಲ್ಲಿ ಆರಾಮಾಗಿ ಓಡುತ್ತವೆ. ಮುಂದೆ ಗಡಿಯಾರದ ಚಿಪ್ ಸೇರಿಸುವುದಾದರೆ ಡಿಎಸ್3231 ತಗೊಳ್ಳಿ. ಡಿಎಸ್1307ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು.

ಆಮೇಲೆ ವಿಳಾಸದ ಗೊಂದಲ. ಮ್ಯಾನ್ಯುಯಲ್‌ನಲ್ಲಿ ಮೆಮೊರಿಯ ವಿಳಾಸ ಹೆಕ್ಸ್ (16ರ ಆಧಾರದ ಎಣಿಕೆ) ಎ0 ಎಂದಿದೆ. ಲಿನಕ್ಸ್‌ನಲ್ಲಿ ಸ್ಕ್ಯಾನ್ ಮಾಡಿದರೆ (ಯಾವ ವಿಳಾಸದಿಂದ ಉತ್ತರ ಬರುತ್ತದೆ ಎಂದು ಹುಡುಕಿದರೆ) ಕಾಣುವುದು ಹೆಕ್ಸ್ 50. ಎರಡೂ ಒಂದೇ. ಐ2ಸಿ ವಿಳಾಸ 7 ಬಿಟ್, ಅದರ ನಂತರ ಓದು-ಬರೆ ಹೇಳುವ ಒಂದು ಬಿಟ್ ಬರುತ್ತದೆ. ಮ್ಯಾನ್ಯುಯಲ್ ಬರೆದವರು ಆ ಬಿಟ್ಟನ್ನೂ ಸೇರಿಸಿ ಎಂಟು ಬಿಟ್ ಮಾಡಿದ್ದಾರೆ. ಅಲ್ಲಿರುವ ಪ್ರತಿ ಸಂಖ್ಯೆಯನ್ನೂ ಎರಡರಿಂದ ಭಾಗಿಸಿಕೊಂಡರೆ ಸರಿಹೋಗುತ್ತದೆ. ಎಲ್ಲ ಸರಿಯಿದ್ದರೆ ಸ್ಕ್ಯಾನ್‌ನಲ್ಲಿ 20, 48, 50 ಕಾಣಬೇಕು. 20ರ ಬದಲು 38 ಕಂಡರೆ ಗಾಬರಿ ಬೇಡ, ನಿಮ್ಮ ಬೋರ್ಡ್‌ನಲ್ಲಿ ಇರುವುದು ಪಿಸಿಎಫ್8574ಎ. ಚಿಪ್‌ನ ಮೇಲಿನ ಅಕ್ಷರ ಓದಲು ಒಂದು ಭೂತಗನ್ನಡಿ ಹತ್ತಿರ ಇಟ್ಟುಕೊಳ್ಳಿ.

ಇನ್ನು ಪುಲ್-ಅಪ್. ಈ ವಿಮರ್ಶೆ ಬರೆಯಲು ಕೂತಿದ್ದೇ ಹೆಚ್ಚುಕಡಿಮೆ ಇದಕ್ಕಾಗಿ.

ಮಾಮೂಲಿ ಐ2ಸಿಯಲ್ಲಿ ಯಾವ ಚಿಪ್ಪೂ ಲೈನನ್ನು ಮೇಲಕ್ಕೆ ಎತ್ತುವುದಿಲ್ಲ, ಕೆಳಕ್ಕೆ ಮಾತ್ರ ಎಳೆಯುತ್ತದೆ. ಮೇಲೆತ್ತುವ ಕೆಲಸ ರೆಸಿಸ್ಟರ್‌ನದು, ಅದೇ ಪುಲ್-ಅಪ್. ಬೋರ್ಡ್‌ನಲ್ಲಿ ಹಾಕಿರುವುದು 10 ಕಿಲೋಓಮ್. 100 ಕಿಲೋಹರ್ಟ್ಸ್‌ನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಅಲ್ಲಿ ಲೈನ್ ಏರಲು 1000 ನ್ಯಾನೋಸೆಕೆಂಡ್ ಸಮಯವಿದೆ. 400 ಕಿಲೋಹರ್ಟ್ಸ್‌ಗೆ ಹೋದರೆ ಸಿಗುವುದು 300 ನ್ಯಾನೋಸೆಕೆಂಡ್ ಮಾತ್ರ. ಏರುವ ಸಮಯ ಎಂದರೆ ಸುಮಾರಾಗಿ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್, 0.85 ಈ ಮೂರರ ಗುಣಲಬ್ಧ. 10 ಕಿಲೋಓಮ್ ಇಟ್ಟುಕೊಂಡು 300 ನ್ಯಾನೋಸೆಕೆಂಡ್‌ನೊಳಗೆ ಏರಬೇಕಾದರೆ ಇಡೀ ಬಸ್‌ನ ಕೆಪಾಸಿಟೆನ್ಸ್ (ತಂತಿ, ಪಿನ್‌ಗಳು ಚಾರ್ಜ್ ಹಿಡಿದಿಡುವ ಗುಣ) 35 ಪಿಕೋಫ್ಯಾರಡ್ ದಾಟಬಾರದು. ಒಂದು ಪಿನ್ನಿಗೇ 10 ಪಿಕೋಫ್ಯಾರಡ್‌ವರೆಗೆ ಇರಬಹುದು. ಮೂರು ಚಿಪ್ ಮತ್ತು ಅಡಾಪ್ಟರ್ ಸೇರಿದರೆ ಅಲ್ಲಿಗೇ ಲೆಕ್ಕ ಮುಗಿಯಿತು, ತಂತಿಯನ್ನು ಇನ್ನೂ ಎಣಿಸಿಯೇ ಇಲ್ಲ. ಹಾಗಾಗಿ ಡಬ್ಬದ ಮೇಲೆ 400 ಕಿಲೋಹರ್ಟ್ಸ್ ಎಂದು ಬರೆದಿದ್ದರೂ, ಇದ್ದ ಹಾಗೇ ಬಳಸಿದರೆ ಆ ವೇಗವನ್ನು ನಂಬಲು ಆಗುವುದಿಲ್ಲ. ಒಮ್ಮೆ ನಡೆಯುತ್ತದೆ, ಒಮ್ಮೆ ಕೈಕೊಡುತ್ತದೆ. ಪರೀಕ್ಷೆ ಮಾಡುವ ಬೋರ್ಡ್‌ಗೆ ಇದಕ್ಕಿಂತ ದೊಡ್ಡ ದೋಷ ಇಲ್ಲ.

ನಾನು 10 ಕಿಲೋಓಮ್ ತೆಗೆದು 2.2 ಕಿಲೋಓಮ್ ಬೆಸುಗೆ ಹಾಕಿದೆ. ಆಗ 160 ಪಿಕೋಫ್ಯಾರಡ್‌ವರೆಗೆ ಜಾಗ ಸಿಗುತ್ತದೆ. ಅಂದಿನಿಂದ 400ರಲ್ಲಿ ತೊಂದರೆ ಬಂದಿಲ್ಲ. ಹಾಗಂತ ರೆಸಿಸ್ಟರ್ ಇಳಿಸುತ್ತಲೇ ಹೋಗಬೇಡಿ. ಲೈನ್ ಕೆಳಗೆಳೆಯುವಾಗ ಒಂದು ಮಾಮೂಲಿ ಚಿಪ್ 3 ಮಿಲಿಆಂಪ್ ತಡೆದುಕೊಳ್ಳುತ್ತದೆ ಎಂಬ ಲೆಕ್ಕದಲ್ಲಿ 3.3 ವೋಲ್ಟ್‌ಗೆ ಕನಿಷ್ಠ ಮಿತಿ ಸುಮಾರು 970 ಓಮ್. ಹೊರಗಿನಿಂದ ತರುವ ಸೆನ್ಸರ್ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ತಲಾ 4.7 ಕಿಲೋಓಮ್ ಇರುತ್ತದೆ, ಅಂಥ ಐದನ್ನು ಒಟ್ಟಿಗೆ ಸಿಕ್ಕಿಸಿದರೆ ಅವೇ 940 ಓಮ್ ಆಗಿಬಿಡುತ್ತವೆ. ಆಗ ಬೋರ್ಡ್‌ನ ಪುಲ್-ಅಪ್ ಕಿತ್ತು ಹಾಕಿದರೂ ಸಾಲದು, ಮಾಡ್ಯೂಲ್‌ಗಳದ್ದನ್ನೂ ತೆಗೆಯಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಗ್ಗದ 24 ಮೆಗಾಹರ್ಟ್ಸ್ ಲಾಜಿಕ್ ಅನಲೈಸರ್ (ಲೈನ್‌ಗಳ ಸಿಗ್ನಲ್ ದಾಖಲಿಸುವ ಸಾಧನ) ಮತ್ತು ಅದನ್ನು ಓದುವ ಪಲ್ಸ್‌ವ್ಯೂ ತಂತ್ರಾಂಶ ಇದ್ದರೆ ಐ2ಸಿ ಕಲಿಯಲು ಸಾಕು, ಯಾವ ಬೈಟ್ ಹೋಯಿತು, ಯಾವ ಚಿಪ್ ಒಪ್ಪಿಗೆ (ಸಿಕ್ಕಿತು ಎಂಬ ಉತ್ತರ) ಕೊಡಲಿಲ್ಲ ಎಲ್ಲವೂ ಕಾಣುತ್ತದೆ. ಆದರೆ ಪುಲ್-ಅಪ್ ಸಮಸ್ಯೆ ಅದರಲ್ಲಿ ಕಾಣುವುದಿಲ್ಲ. ಅದು ತೋರಿಸುವುದು ಸೊನ್ನೆ ಮತ್ತು ಒಂದು ಅಷ್ಟೇ. ಲೈನ್ ನಿಧಾನವಾಗಿ, ಬಾಗಿಕೊಂಡು ಏರುತ್ತಿರುವುದನ್ನು ನೋಡಲು ಆಸಿಲೋಸ್ಕೋಪೇ ಬೇಕು. ಸ್ಕೋಪ್ ಇಲ್ಲದಿದ್ದರೆ ವೇಗವನ್ನು 100ಕ್ಕೆ ಇಳಿಸಿ ನೋಡಿ. ತೊಂದರೆ ಮಾಯವಾದರೆ ಮೊದಲು ಪುಲ್-ಅಪ್ ಮೇಲೆ ಅನುಮಾನ ಪಡಿ.

ಪಿಸಿಎಫ್8574ರ ಎಲ್‌ಇಡಿಗಳು ಸೊನ್ನೆ ಬರೆದರೆ ಹೊತ್ತಿಕೊಳ್ಳುತ್ತವೆ, ಒಂದು ಬರೆದರೆ ಆರುತ್ತವೆ. ಇದು ದೋಷ ಅಲ್ಲ. ಆ ಚಿಪ್ ಕರೆಂಟನ್ನು ಹೊರಗೆ ಕೊಡುವುದು ಬರೀ 100 ಮೈಕ್ರೋಆಂಪ್‌ನಷ್ಟು, ಒಳಗೆ ಎಳೆದುಕೊಳ್ಳುವುದರಲ್ಲಿ ಮಾತ್ರ ಗಟ್ಟಿ. ಇಲ್ಲಿ ಸರ್ಕ್ಯೂಟ್ ಸರಿಯಾಗಿಯೇ ಮಾಡಿದ್ದಾರೆ.

ಮೆಮೊರಿ ಚಿಪ್ ಕಲಿಯಲು ಒಳ್ಳೆಯದು. 64 ಬೈಟ್‌ಗೆ ಒಂದು ಪುಟ. ಸೊನ್ನೆಯಿಂದ ಎಣಿಸಿ 60ನೇ ಬೈಟ್‌ನಿಂದ ಒಂದೇ ಸಲಕ್ಕೆ ಹತ್ತು ಬೈಟ್ ಬರೆಯಲು ಹೋದರೆ ನಾಲ್ಕು ಮಾತ್ರ ಜಾಗಕ್ಕೆ ಸೇರುತ್ತವೆ, ಉಳಿದ ಆರು ಅದೇ ಪುಟದ ಶುರುವಿಗೆ ಹೋಗಿ ಅಲ್ಲಿದ್ದದ್ದನ್ನು ಅಳಿಸುತ್ತವೆ. ಬರೆದ ಮೇಲೆ 5 ಮಿಲಿಸೆಕೆಂಡ್‌ವರೆಗೆ ಚಿಪ್ ಉತ್ತರ ಕೊಡುವುದಿಲ್ಲ. ಆಗ ಸುಮ್ನೆ ಕಾಯುವ ಬದಲು ವಿಳಾಸ ಕಳಿಸುತ್ತಾ ಇರಿ, ಒಪ್ಪಿಗೆ ಬಂದ ಕೂಡಲೇ ಮುಂದಕ್ಕೆ ಹೋಗಿ.

ಓದುತ್ತಿರುವಾಗ ಮಧ್ಯದಲ್ಲೇ ಮೈಕ್ರೋಕಂಟ್ರೋಲರ್ ರಿಸೆಟ್ ಆದರೆ ಡೇಟಾ ಲೈನ್ ಸೊನ್ನೆಯಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ಚಿಪ್ ಇನ್ನೂ ಬಾಕಿ ಬಿಟ್‌ಗಳಿಗೆ ಕ್ಲಾಕ್ (ಬಿಟ್‌ಗಳಿಗೆ ತಾಳ ಕೊಡುವ ಸಿಗ್ನಲ್) ಕಾಯುತ್ತಿರುತ್ತದೆ. ಒಂಬತ್ತು ಕ್ಲಾಕ್ ಕೊಟ್ಟು ಸ್ಟಾಪ್ (ಮಾತು ಮುಗಿಯಿತು ಎಂಬ ಸಂಕೇತ) ಕಳಿಸಿದರೆ ಲೈನ್ ಬಿಡುತ್ತದೆ. ಯಾವ ಚಿಪ್ ಹಿಡಿದುಕೊಂಡಿದೆ ಎಂದು ತಿಳಿಯಲು ಜಂಪರ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಈ ಸೌಲಭ್ಯ ನನ್ನ ಎಷ್ಟೋ ಗಂಟೆಗಳನ್ನು ಉಳಿಸಿದೆ.

ಎಸ್‌ಪಿಐ ಕಡೆ ಹೇಳುವುದು ಕಮ್ಮಿ. ಮೋಡ್ 0 (ಎಸ್‌ಪಿಐ ಕ್ಲಾಕ್‌ನ ಒಂದು ಕ್ರಮ) ಇಟ್ಟು ಹೆಕ್ಸ್ 9ಎಫ್ ಕಳಿಸಿದರೆ ಫ್ಲಾಶ್ ತನ್ನ ಗುರುತು ಹೇಳುತ್ತದೆ. ಮೂರೂ ಬೈಟ್ ಎಫ್ಎಫ್ ಅಥವಾ 00 ಬಂದರೆ ಚಿಪ್ ಸೆಲೆಕ್ಟ್ (ಯಾವ ಚಿಪ್ ಜೊತೆ ಮಾತು ಎಂದು ಹೇಳುವ) ತಂತಿ ನೋಡಿ. ಒನ್-ವೈರ್ ಸೆನ್ಸರ್ ಮೊದಲ ದಿನದಿಂದ ಸರಿಯಾಗಿದೆ, 12 ಬಿಟ್‌ನಲ್ಲಿ ಓದಲು 750 ಮಿಲಿಸೆಕೆಂಡ್ ಕಾಯಬೇಕು ಅಷ್ಟೇ. ಎಲ್‌ಎಂ75 ಮಾತ್ರ ಯಾವಾಗಲೂ ಕೋಣೆಗಿಂತ ಜಾಸ್ತಿ ತಾಪ ತೋರಿಸುತ್ತದೆ. ಅದನ್ನು ವೋಲ್ಟೇಜ್ ರೆಗ್ಯುಲೇಟರ್ ಪಕ್ಕದಲ್ಲೇ ಕೂರಿಸಿದ್ದಾರೆ, ಬಿಸಿ ಅಲ್ಲಿಂದ ಬರುತ್ತದೆ. ಎರಡೂ ಸೆನ್ಸರ್ ಒಟ್ಟಿಗೆ ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಇಷ್ಟು ಕಾಲದ ಬಳಕೆಯಲ್ಲಿ ಸವೆದದ್ದು ಜಂಪರ್ ಟೋಪಿಗಳು ಮತ್ತು ಅಡಾಪ್ಟರ್ ಸಿಕ್ಕಿಸುವ ಪಿನ್ ಸಾಲು. ಟೋಪಿ ಸಡಿಲವಾದರೆ ಚಿಪ್ ಸ್ಕ್ಯಾನ್‌ನಲ್ಲಿ ಬಂದು ಹೋಗಿ ಮಾಡುತ್ತದೆ, ಹೊಸದು ಹಾಕಿ. ಚಿಪ್‌ಗಳು ಒಂದೂ ಸತ್ತಿಲ್ಲ.

ಮೈಕ್ರೋಕಂಟ್ರೋಲರ್ ಕಲಿಸುವವರಿಗೆ, ಡ್ರೈವರ್ ಬರೆಯುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ, ಬೆಸುಗೆ ಹಾಕಲು ಬರುತ್ತದೆ ಎಂದಾದರೆ. ಬೆಸುಗೆ ಬಾರದವರು 100 ಕಿಲೋಹರ್ಟ್ಸ್‌ನಲ್ಲೇ ಇರಿ. ಮುಂದಿನ ಆವೃತ್ತಿಯಲ್ಲಿ ತಯಾರಕರು ಮೂರು ಕೆಲಸ ಮಾಡಲಿ: 10, 4.7, 2.2 ಕಿಲೋಓಮ್ ಆರಿಸಲು ಒಂದು ಜಂಪರ್, ಬೋರ್ಡ್ ಮೇಲೆ ಪ್ರತಿ ಚಿಪ್ ಪಕ್ಕ 7 ಬಿಟ್ ವಿಳಾಸ, ಫ್ಲಾಶ್‌ಗೆ ಲೆವೆಲ್ ಶಿಫ್ಟರ್. ಆ ಬೋರ್ಡ್ ಬಂದ ದಿನವೇ ಇನ್ನೊಂದು ಕೊಳ್ಳುತ್ತೇನೆ.