ಬಾಟಲಿ ಸ್ಟೆರಿಲೈಜರ್: ಬಟನ್ ಕಡಿಮೆ ಇದ್ದಷ್ಟೂ ಒಳ್ಳೆಯದು

ಮಗುವಿನ ಹಾಲಿನ ಬಾಟಲಿ ಶುದ್ಧ ಮಾಡುವ ಎಲೆಕ್ಟ್ರಿಕ್ ಸ್ಟೆರಿಲೈಜರ್‌ಗಳು ಈಗ ಮೂರು ಥರ ಸಿಗುತ್ತವೆ. ಬರೀ ಹಬೆ ಕೊಡುವುದು, ಹಬೆ ಕೊಟ್ಟು ಒಣಗಿಸಿಯೂ ಕೊಡುವುದು, ಯುವಿ ದೀಪದ್ದು. ಕೊಳ್ಳುವುದೇ ಆದರೆ ಮೊದಲನೆಯದನ್ನು ಕೊಳ್ಳಿ: ಒಂದೇ ಸ್ವಿಚ್ಚು, ಐದಾರು ಬಾಟಲಿ ಹಿಡಿಯುವ ಜಾಗ, ತಳದಲ್ಲಿ ಕೋಟಿಂಗ್ ಇಲ್ಲದ ಸ್ಟೀಲ್ ಪ್ಲೇಟು. ಡಿಸ್‌ಪ್ಲೇ, ಆ್ಯಪ್, ಎಂಟು ಮೋಡ್ ಇರುವುದಕ್ಕೆ ಎರಡು ಮೂರು ಪಟ್ಟು ಕೊಡುವ ದುಡ್ಡು ಬಾಟಲಿಯ ಶುದ್ಧಿಗೆ ಏನೂ ಸೇರಿಸುವುದಿಲ್ಲ. ನಮ್ಮ ನೀರಿಗೆ, ನಮ್ಮ ಕರೆಂಟಿಗೆ ಆ ದುಬಾರಿ ಯಂತ್ರಗಳೇ ಬೇಗ ಕೈಕೊಡುತ್ತವೆ.

ಯಾಕೆಂದು ತಿಳಿಯಲು ಒಳಗೆ ಏನಿದೆ ನೋಡಬೇಕು. ಸಾದಾ ಯಂತ್ರದಲ್ಲಿ ಇರುವುದು ಒಂದು ಪ್ಲೇಟು, ಅದರಡಿ ಸುಮಾರು 500 ವ್ಯಾಟಿನ ಕಾಯಿಲ್, ಕಾಯಿಲ್‌ಗೆ ಒತ್ತಿಕೊಂಡಿರುವ ಥರ್ಮೋಸ್ಟಾಟ್, ಅದೂ ಕೆಟ್ಟರೆ ಕಾಪಾಡಲು ಒಂದು ಥರ್ಮಲ್ ಫ್ಯೂಸ್. ಪ್ಲೇಟಿನ ಮೇಲೆ 100 ಮಿ.ಲೀ. ಆಸುಪಾಸು ನೀರು ಹಾಕುತ್ತೀರಿ. ನೀರು ಇರುವವರೆಗೆ ಪ್ಲೇಟಿನ ಬಿಸಿ ಕುದಿಯುವ ಮಟ್ಟದಿಂದ ಹೆಚ್ಚು ಮೇಲೇರುವುದಿಲ್ಲ. ನೀರು ಪೂರ್ತಿ ಆವಿಯಾದ ಕೂಡಲೇ ಪ್ಲೇಟು ಸರ್ರನೆ ಕಾಯುತ್ತದೆ, ಥರ್ಮೋಸ್ಟಾಟ್ ‘ಟಕ್’ ಎಂದು ಕಡಿದುಕೊಳ್ಳುತ್ತದೆ. ಅಷ್ಟೇ. ಇದಕ್ಕೆ ಗಡಿಯಾರವೇ ಬೇಡ. ಎಷ್ಟು ಹೊತ್ತು ಹಬೆ ಎಂಬುದನ್ನು ನೀವು ಹಾಕಿದ ನೀರೇ ತೀರ್ಮಾನಿಸುತ್ತದೆ. ಹಾಗಾಗಿ ನೀರನ್ನು ಕಣ್ಣಂದಾಜಿನಲ್ಲಿ ಸುರಿಯಬೇಡಿ. ಜೊತೆಗೆ ಕೊಟ್ಟ ಅಳತೆ ಲೋಟ ಕಳೆದುಹೋಗಿದ್ದರೆ ಹಾಲಿನ ಬಾಟಲಿಯ ಮೇಲಿನ ಗೆರೆಯೇ ಸಾಕು. 100 ಹೇಳಿದ ಕಡೆ 60 ಹಾಕಿದರೆ ಬಾಟಲಿ ಸರಿಯಾಗಿ ಕಾಯುವಷ್ಟರಲ್ಲಿ ಯಂತ್ರ ಆಫ್ ಆಗಿರುತ್ತದೆ.

ಲೆಕ್ಕ ಹಾಕಿ ನೋಡಿದರೆ, 25 ಡಿಗ್ರಿಯ 100 ಮಿ.ಲೀ. ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 257 ಕಿಲೋಜೂಲ್ ಶಕ್ತಿ ಬೇಕು. 500 ವ್ಯಾಟಿನಲ್ಲಿ ಅದು ಎಂಟೂವರೆ ನಿಮಿಷ, ಯೂನಿಟ್ಟಿನಲ್ಲಿ 0.07. ದಿನಕ್ಕೆ ಮೂರು ಸಲ ಹಾಕಿದರೂ ತಿಂಗಳಿಗೆ ಏಳು ಯೂನಿಟ್ ದಾಟುವುದು ಕಷ್ಟ. ಕರೆಂಟ್ ಬಿಲ್ಲಿಗೆ ಹೆದರಿ ಇದನ್ನು ಬಿಡಬೇಕಾಗಿಲ್ಲ.

ವೋಲ್ಟೇಜ್ ಕಥೆ ಮಾತ್ರ ಬೇರೆ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 180 ವೋಲ್ಟ್ ಬಂದರೆ 500 ವ್ಯಾಟಿನ ಯಂತ್ರ 306 ವ್ಯಾಟಿಗೆ ಕುಸಿಯುತ್ತದೆ, ಎಂಟೂವರೆ ನಿಮಿಷದ ಕೆಲಸಕ್ಕೆ ಹದಿನಾಲ್ಕು ನಿಮಿಷ ಹಿಡಿಯುತ್ತದೆ. ಬಾಣಂತನಕ್ಕೆಂದು ಊರಿಗೆ ಹೋದಾಗ, ಸಂಜೆ ಹೊತ್ತು ಪಂಪ್‌ಸೆಟ್ಟುಗಳು ಓಡುವಾಗ, ಇದು ಆಗುವಂಥದ್ದೇ. ಥರ್ಮೋಸ್ಟಾಟಿನ ಸಾದಾ ಯಂತ್ರಕ್ಕೆ ಇದರಿಂದ ತೊಂದರೆಯಿಲ್ಲ. ನೀರು ಬತ್ತುವವರೆಗೆ ಕಾದು ನಿಲ್ಲುತ್ತದೆ. ಬರೀ ಟೈಮರ್ ನಂಬಿ ನಿಲ್ಲುವ ಮಾದರಿ ಮಾತ್ರ ಹೊತ್ತು ಮುಗಿಯಿತೆಂದು ಬೀಪ್ ಹೊಡೆದು ಕೈ ತೊಳೆದುಕೊಳ್ಳುತ್ತದೆ, ಒಳಗೆ ಹಬೆ ಬೇಕಾದಷ್ಟು ಹೊತ್ತು ಆಡಿರುವುದಿಲ್ಲ. ಬೀಪ್ ಆದ ಮೇಲೆ ಪ್ಲೇಟಿನ ಮೇಲೆ ನೀರು ನಿಂತಿದ್ದರೆ ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇನ್ನೊಮ್ಮೆ ಹಾಕಿ.

ಒಣಗಿಸುವ ಮಾದರಿಗೆ ನಮ್ಮ ತಕರಾರು ಇಷ್ಟು: ಫ್ಯಾನು ಅಡುಗೆಮನೆಯ ಗಾಳಿಯನ್ನೇ ಎಳೆದು, ಬಿಸಿ ಮಾಡಿ, ಒಳಗೆ ಊದುತ್ತದೆ. ಒಗ್ಗರಣೆಯ ಎಣ್ಣೆ ಜಿಡ್ಡು ಫಿಲ್ಟರಿಗೆ ಹತ್ತಿ ಕೆಲವೇ ತಿಂಗಳಲ್ಲಿ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬದಲಿಸಬೇಕೆಂಬುದು ಹೆಚ್ಚಿನವರಿಗೆ ನೆನಪಿರುವುದಿಲ್ಲ, ನೆನಪಾದಾಗ ಆ ಮಾದರಿಯ ಫಿಲ್ಟರು ಸಿಗುವುದಿಲ್ಲ. ಒಂದು ಮಾತು ಒಪ್ಪಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಗಳಲ್ಲಿ ತೊಳೆದಿಟ್ಟ ಬಾಟಲಿಯೂ ಒಣಗುವುದಿಲ್ಲ. ಅಲ್ಲಿ ಒಣಗಿಸುವ ಯಂತ್ರಕ್ಕೆ ಅರ್ಥವಿದೆ. ಉಳಿದ ಕಡೆ ಬೇಡ. ಹಬೆ ಕಾಣಿಸಿದ ಬಾಟಲಿಯಲ್ಲಿ ಉಳಿದ ಹನಿ ಶುದ್ಧ ನೀರೇ, ಕೊಡವಿ ಬಳಸಬಹುದು. ಬಟ್ಟೆಯಿಂದ ಒರೆಸಿದರೆ ಮಾಡಿದ್ದೆಲ್ಲ ದಂಡ.

ಯುವಿ ಪೆಟ್ಟಿಗೆಗೆ ನಾವು ಅಂಕ ಕೊಡುವುದಿಲ್ಲ. ಬೆಳಕು ಬಿದ್ದ ಕಡೆ ಮಾತ್ರ ಅದರ ಕೆಲಸ. ನಿಪ್ಪಲಿನ ಒಳಮಡಿಕೆ, ರಿಂಗಿನ ಸುರುಳಿ, ಕಿರಿದಾದ ಬಾಟಲಿಯ ತಳ, ಎಲ್ಲ ಕೊಳೆ ಕೂರುವ ಜಾಗಗಳೂ ನೆರಳಿನಲ್ಲೇ ಇರುತ್ತವೆ.

ಇನ್ನು ‘ಸ್ಟೆರಿಲೈಜ್’ ಎಂಬ ಹೆಸರಿಗೆ ಮರುಳಾಗಬೇಡಿ. ಆಸ್ಪತ್ರೆಯ ಆಟೋಕ್ಲೇವ್ ಒತ್ತಡದಲ್ಲಿ 121 ಡಿಗ್ರಿ ಮುಟ್ಟುತ್ತದೆ. ಇದು ಒತ್ತಡವಿಲ್ಲದ ಹಬೆ. ಬೆಂಗಳೂರಿನ ಎತ್ತರದಲ್ಲಿ ಸುಮಾರು 97 ಡಿಗ್ರಿ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಹಾಲಿನಿಂದ ಬರುವ ಸಾಮಾನ್ಯ ರೋಗಾಣುಗಳಿಗೆ ಅಷ್ಟು ಸಾಕು, ಆದರೆ ಬಾಟಲಿ ಶುಚಿಯಾಗಿದ್ದರೆ ಮಾತ್ರ. ಒಣಗಿದ ಹಾಲಿನ ಪದರದ ಅಡಿಯಲ್ಲಿ ಕೂತ ರೋಗಾಣುವಿಗೆ ಹಬೆ ನೇರ ತಾಕುವುದಿಲ್ಲ. ಯಂತ್ರಕ್ಕೆ ಕೆಟ್ಟ ಹೆಸರು ತರುವ ದೂರುಗಳಲ್ಲಿ ಬಹುಪಾಲು ನಿಜಕ್ಕೂ ತೊಳೆಯುವ ಹಂತದವು.

ತೊಳೆಯುವ ಕ್ರಮ ಹೀಗಿರಲಿ. ಹಾಲು ಕುಡಿಸಿದ ಕೂಡಲೇ ಬಾಟಲಿಯ ಎಲ್ಲ ಭಾಗ ಬಿಚ್ಚಿ ತಣ್ಣೀರಿನಲ್ಲಿ ಜಾಲಿಸಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಆಮೇಲೆ ಬೆಚ್ಚಗಿನ ಸೋಪಿನ ನೀರು, ಕೊಬ್ಬು ಹೋಗುವುದು ಅದಕ್ಕೆ. ಸಿಂಕಿನಲ್ಲಿ ಬೇಡ, ಇದಕ್ಕೆಂದೇ ಒಂದು ಟಬ್ ಇಡಿ. ನಿಪ್ಪಲನ್ನು ಒಳಗು ಹೊರಗು ಮಾಡಿ ಬೆರಳಿನಲ್ಲಿ ತಿಕ್ಕಿ, ತೂತಿನಿಂದ ನೀರು ಚಿಮ್ಮಿಸಿ ನೋಡಿ. ಹೊಟ್ಟೆಗ್ಯಾಸ್ ಆಗದಿರಲೆಂದು ವಾಲ್ವ್ ಕೊಟ್ಟ ಬಾಟಲಿಯಾದರೆ ಆ ಪುಟ್ಟ ಸಿಲಿಕೋನ್ ಬಿಲ್ಲೆಯನ್ನು ಪ್ರತಿಸಲ ಕಿತ್ತು ತೊಳೆಯಬೇಕು. ಬೆಳಕಿಗೆ ಹಿಡಿದರೆ ಅದರ ಅಂಚಿನಲ್ಲೇ ಹಳದಿ ಗೆರೆ ಮೊದಲು ಕಾಣುವುದು. ಆಮೇಲೆ ರಿಂಗಿನ ಒಳಸುರುಳಿ. ಬಾಟಲಿ ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲ, ಸಣ್ಣ ಬ್ರಷ್ಷೊಂದು ಬೇರೆ ಬೇಕು. ಬ್ರಷ್ಷನ್ನು ಸಿಂಕಿನ ಮೂಲೆಯಲ್ಲಿ ಒದ್ದೆ ಬಿಡದೆ ತೂಗುಹಾಕಿ. ಕೂದಲು ಮಡಿಚಿಕೊಂಡ ಬ್ರಷ್ಷು ಬಾಟಲಿಯ ತಳದ ಮೂಲೆ ಮುಟ್ಟುವುದಿಲ್ಲ, ಎಸೆಯಿರಿ.

ಜೋಡಿಸುವಾಗ ಬಾಟಲಿ ಬೋರಲಾಗಿರಬೇಕು. ಹಬೆ ಬಾಯಿಂದ ಒಳಗೆ ಏರಿ, ನೀರಾಗಿ ಅದೇ ದಾರಿಯಲ್ಲಿ ಇಳಿಯುತ್ತದೆ. ನಿಪ್ಪಲು, ರಿಂಗು, ಮುಚ್ಚಳ ಮೇಲಿನ ತಟ್ಟೆಯಲ್ಲಿ, ಒಂದರೊಳಗೊಂದು ಸಿಕ್ಕಿಸದೆ. ಮುಗಿದ ಮೇಲೆ ಹತ್ತು ನಿಮಿಷ ಮುಚ್ಚಳಕ್ಕೆ ಕೈ ಹಾಕಬೇಡಿ. ಎತ್ತುವಾಗ ಹಬೆ ಆಚೆ ಬದಿಗೆ ಹೋಗುವ ಹಾಗೆ ಓರೆಯಾಗಿ ಎತ್ತಿ. ಒಳಗಿನದನ್ನು ಮುಟ್ಟುವ ಮುಂಚೆ ಕೈ ಸೋಪು ಹಾಕಿ ತೊಳೆದಿರಬೇಕು, ಸಾಧ್ಯವಾದರೆ ಇಕ್ಕಳ ಬಳಸಿ. ಮುಚ್ಚಳ ತೆರೆಯದಿದ್ದರೆ ಒಳಗಿನ ಸಾಮಾನು 24 ಗಂಟೆ ಶುದ್ಧವಾಗಿರುತ್ತದೆ ಎಂದು ಕಂಪನಿಗಳು ಹೇಳುವುದು ಸರಿ, ಆದರೆ ಒಂದು ಬಾಟಲಿ ತೆಗೆಯಲು ತೆರೆದ ಗಳಿಗೆಗೇ ಆ ಲೆಕ್ಕ ಮುಗಿಯಿತು. ಇನ್ನೊಂದು ಸಾಮಾನ್ಯ ದೂರು: ‘ಎರಡನೇ ಸಲ ಹಾಕಿದರೆ ಆನ್ ಆಗುತ್ತಿಲ್ಲ.’ ಯಂತ್ರ ಕೆಟ್ಟಿಲ್ಲ, ಥರ್ಮೋಸ್ಟಾಟ್ ತಣಿದಿಲ್ಲ. ಕಾಲು ಗಂಟೆ ಬಿಟ್ಟು ನೋಡಿ.

ಈಗ ಅಸಲು ವಿಷಯ, ಸುಣ್ಣದ ಪದರ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 600ರವರೆಗೂ ನಡೆಯುತ್ತದೆ. ಬೋರ್ ನೀರು 300 ಇದೆ, ಅದೆಲ್ಲ ಕುದಿಸಿದಾಗ ಸುಣ್ಣವಾಗಿ ಕೂರುತ್ತದೆ ಎಂದಿಟ್ಟುಕೊಳ್ಳಿ. 100 ಮಿ.ಲೀ.ಯಲ್ಲಿ 30 ಮಿಲಿಗ್ರಾಂ, ದಿನಕ್ಕೆ ಮೂರು ಸಲದಂತೆ ತಿಂಗಳಿಗೆ 2.7 ಗ್ರಾಂ ಸುಣ್ಣ ಆ ಅಂಗೈಯಗಲದ ಪ್ಲೇಟಿನ ಮೇಲೆ. ಮೊದಲು ಬಿಳಿ ಚುಕ್ಕೆ, ಆಮೇಲೆ ಹೊಪ್ಪಳೆ. ಈ ಪದರ ಶಾಖವನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಮೇಲೆ ನೀರಿರುವಾಗಲೇ ಅಡಿಯಲ್ಲಿ ಪ್ಲೇಟು ಕಾದು ಥರ್ಮೋಸ್ಟಾಟ್ ಕಡಿದುಕೊಳ್ಳುತ್ತದೆ. ‘ಯಂತ್ರ ಬೇಗ ಆಫ್ ಆಗುತ್ತಿದೆ, ನೀರು ಉಳಿಯುತ್ತಿದೆ’ ಎಂದರೆ ನೂರಕ್ಕೆ ತೊಂಬತ್ತು ಪಾಲು ಇದೇ. ಹೀಗೇ ಓಡಿಸುತ್ತ ಹೋದರೆ ಒಂದು ದಿನ ಥರ್ಮಲ್ ಫ್ಯೂಸ್ ಹೋಗುತ್ತದೆ, ಯಂತ್ರ ಸತ್ತಂತೆ ಕೂರುತ್ತದೆ. ಫ್ಯೂಸ್ ತೆಗೆದು ನೇರ ವೈರ್ ಕೊಟ್ಟು ‘ರೆಡಿ ಸಾರ್’ ಎನ್ನುವ ರಿಪೇರಿಯವರಿದ್ದಾರೆ, ಒಪ್ಪಬೇಡಿ. ಆಮೇಲೆ ಥರ್ಮೋಸ್ಟಾಟ್ ಅಂಟಿಕೊಂಡರೆ ಪ್ಲೇಟು ಕೆಂಪಾಗುವವರೆಗೂ ತಡೆಯುವವರಿಲ್ಲ.

ಮದ್ದು ದಿನಸಿ ಅಂಗಡಿಯಲ್ಲೇ ಇದೆ: ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ತಟ್ಟೆಗಳನ್ನೆಲ್ಲ ತೆಗೆದು, 200 ಮಿ.ಲೀ. ನೀರಿನಲ್ಲಿ 10 ಗ್ರಾಂ (ಮಟ್ಟಸವಾಗಿ ಎರಡು ಟೀ ಚಮಚ) ಕರಗಿಸಿ ಪ್ಲೇಟಿನ ಮೇಲೆ ಹಾಕಿ. ಒಂದೆರಡು ನಿಮಿಷ ಆನ್ ಮಾಡಿ, ನೀರು ಬೆಚ್ಚಗಾಗುತ್ತಲೇ, ಕುದಿಯುವ ಮುಂಚೆ, ಪ್ಲಗ್ ತೆಗೆಯಿರಿ. ಸಣ್ಣ ಗುಳ್ಳೆಗಳು ಏಳುತ್ತವೆ. ಅರ್ಧ ಗಂಟೆಗೆ ಗುಳ್ಳೆ ನಿಂತಿತೆಂದರೆ ಕೆಲಸ ಆಯಿತು. ಕುದಿಸಬಾರದು ಎನ್ನಲು ಕಾರಣವಿದೆ. ಸುಣ್ಣ ಮತ್ತು ನಿಂಬೆ ಉಪ್ಪು ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕರಗುವುದು ಕಡಿಮೆ, ಕುದಿಸಿದರೆ ಅದೇ ಹೊಸ ಬಿಳಿ ಪದರವಾಗಿ ಕೂರುತ್ತದೆ. 10 ಗ್ರಾಂ ನಿಂಬೆ ಉಪ್ಪು ಲೆಕ್ಕದ ಪ್ರಕಾರ ಏಳೂಮುಕ್ಕಾಲು ಗ್ರಾಂ ಸುಣ್ಣ ತಿನ್ನಬಲ್ಲದು, ಹಾಗಾಗಿ ತಿಂಗಳಿಗೊಮ್ಮೆ ಮಾಡಿದರೆ ಧಾರಾಳ. ಎರಡು ಮೂರು ತಿಂಗಳು ಬಿಟ್ಟಿದ್ದರೆ ಎರಡು ಸಲ ಮಾಡಿ. ಸುರಿದು, ಮೆತ್ತನೆ ಸ್ಪಂಜಿನಲ್ಲಿ ಒರೆಸಿ, ಬರೀ ನೀರಿನಲ್ಲಿ ಒಂದು ಖಾಲಿ ಸುತ್ತು ಓಡಿಸಿ. ಬೋರ್ ನೀರಿನ ಕಬ್ಬಿಣದಿಂದ ಆದ ಕೆಂಪು ಕಲೆಯೂ ಇದರಲ್ಲೇ ಹೋಗುತ್ತದೆ. ತಳ ಭಾಗವನ್ನು ನಲ್ಲಿಯಡಿ ಹಿಡಿಯಬೇಡಿ, ಸ್ವಿಚ್ಚಿಗೆ ನೀರು ಹೋಗುತ್ತದೆ.

ವಿನೆಗರ್ ಆಗುತ್ತದೆ, ಆದರೆ ವಾಸನೆ ಸುಲಭಕ್ಕೆ ಬಿಡುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ, ಸ್ಟೀಲಿಗೇ ಗುಳಿ ಬೀಳುತ್ತದೆ. ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ಕೆರೆದ ಗೀರುಗಳಲ್ಲಿ ಮುಂದಿನ ಸುಣ್ಣ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾನ್‌ಸ್ಟಿಕ್ ಕೋಟಿಂಗಿನ ಪ್ಲೇಟು ಬೇಡ ಎಂದದ್ದೂ ಇದಕ್ಕೇ: ನಮ್ಮ ಬೋರ್ ನೀರಿಗೆ ಅದು ವರ್ಷದೊಳಗೆ ಸಿಪ್ಪೆ ಏಳುತ್ತದೆ. ಪ್ಲೇಟಿನ ಕಲೆ ಬಿಳಿಯಲ್ಲದೆ ಕಂದಾಗಿದ್ದು, ಹಬೆಯಲ್ಲಿ ಸೀದ ಹಾಲಿನ ವಾಸನೆ ಇದ್ದರೆ ಅದು ಸುಣ್ಣವಲ್ಲ. ಬಾಟಲಿಯಿಂದ ತೊಟ್ಟಿಕ್ಕಿದ ಹಾಲು. ತಪ್ಪು ತೊಳೆಯುವ ಟಬ್ಬಿನಲ್ಲಿದೆ.

ಪದರ ಕೂರದಂತೆ ತಡೆಯಲು ಆರ್‌ಒ ನೀರು ಹಾಕಿ. ಬೇಕಾಗುವುದು ಬರೀ ಅರ್ಧ ಲೋಟ. ಸಾಫ್ಟ್‌ನರ್ ನೀರಿನಲ್ಲಿ ಕ್ಯಾಲ್ಸಿಯಂ ಬದಲು ಸೋಡಿಯಂ ಇರುತ್ತದೆ, ಉಳಿಯುವ ಬಿಳಿ ಪುಡಿ ಒದ್ದೆ ಬಟ್ಟೆಗೆ ಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಎಸಿಯಿಂದ ತೊಟ್ಟಿಕ್ಕುವ ನೀರು ಎರಡೂ ಮಗುವಿನ ಸಾಮಾನಿಗೆ ಸಲ್ಲವು.

ಯಂತ್ರವೇ ಬೇಡ ಎನ್ನುವವರಿಗೂ ದಾರಿಯಿದೆ. ಅಗಲ ಪಾತ್ರೆಯಲ್ಲಿ, ಬಾಟಲಿಯೊಳಗೆ ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಿ, ಕುದಿ ಬಂದ ಮೇಲೆ ಹತ್ತು ನಿಮಿಷ. ಎತ್ತರದ ಇಡ್ಲಿ ಪಾತ್ರೆಯೂ ನಡೆಯುತ್ತದೆ, ಅದು ಮೂಲತಃ ಇದೇ ಯಂತ್ರ, ಆಫ್ ಮಾಡುವ ಕೆಲಸವೊಂದು ನಿಮ್ಮದು. ಪ್ಲಾಸ್ಟಿಕ್ ಬಾಟಲಿಯನ್ನು ವಿಷಲ್ ಹಾಕಿದ ಕುಕ್ಕರಿಗೆ ಹಾಕಬೇಡಿ, ಸೊಟ್ಟಗಾಗುತ್ತದೆ. ದಿನಕ್ಕೆ ಒಂದೆರಡು ಬಾಟಲಿ ಮಾತ್ರ ಬಳಸುವ ಮನೆಗೆ ಇದೇ ಸಾಕು. ದಿನಕ್ಕೆ ಆರೇಳು ಬಾಟಲಿಯಾಗುವ ಮನೆಗೆ, ಅವಳಿ ಮಕ್ಕಳಿದ್ದರೆ, ಹಾಲು ಪಂಪ್ ಮಾಡಿ ಕೆಲಸಕ್ಕೆ ಹೋಗುವ ತಾಯಿಗೆ ಯಂತ್ರ ನಿಜಕ್ಕೂ ಅನುಕೂಲ. ಒಳಲೆಯಲ್ಲಿ ಕುಡಿಸುವ ಮನೆಗಳಿಗೆ ಈ ಪಂಚಾಯಿತಿಯೇ ಕಡಿಮೆ: ತೂತಿಲ್ಲ, ಸುರುಳಿಯಿಲ್ಲ, ಸ್ಟೀಲಿನದಾದರೆ ಕುದಿಸಿದರೆ ಮುಗಿಯಿತು.

ಎಷ್ಟು ಕಾಲ ಮಾಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 12 ತಿಂಗಳವರೆಗೆ ಎನ್ನುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2 ತಿಂಗಳೊಳಗಿನ, ಅವಧಿಗೆ ಮುಂಚೆ ಹುಟ್ಟಿದ, ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಕ್ಕಳಿಗೆ ದಿನವೂ ಮಾಡಿ ಎನ್ನುತ್ತದೆ. ಟ್ಯಾಂಕರ್ ನೀರು, ಸಂಪಿನ ನೀರು ಬಳಸುವ ಮನೆಯವರು ಮೊದಲನೆಯದನ್ನೇ ಪಾಲಿಸಲಿ. ಫಾರ್ಮುಲಾ ಕೊಡುವವರು ನೆನಪಿಡಬೇಕಾದದ್ದು, ಪುಡಿ ಹಾಲು ಹುಟ್ಟಾ ಶುದ್ಧವಲ್ಲ. ಬಾಟಲಿ ಎಷ್ಟೇ ಶುದ್ಧವಿರಲಿ, 70 ಡಿಗ್ರಿಗಿಂತ ಕಡಿಮೆಯಿಲ್ಲದ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾರ್ಗಸೂಚಿ.

ಅಕ್ಕನ ಮನೆಯಿಂದ ತಂಗಿಯ ಮನೆಗೆ ಬರುವ ಹಳೇ ಯಂತ್ರವನ್ನು ಬೇಡ ಎನ್ನಬೇಕಾಗಿಲ್ಲ. ಬಾಟಲಿ, ನಿಪ್ಪಲು ಮಾತ್ರ ಹೊಸದೇ ಇರಲಿ. ಮೊದಲು ನಿಂಬೆ ಉಪ್ಪಿನ ಸ್ನಾನ, ಆಮೇಲೆ 100 ಮಿ.ಲೀ. ಅಳೆದು ಹಾಕಿ ಗಡಿಯಾರ ನೋಡಿ. 500 ವ್ಯಾಟಿನದು ಎಂಟು ಹತ್ತು ನಿಮಿಷಕ್ಕೆ ನೀರು ಬತ್ತಿಸಿ ತಾನಾಗಿ ನಿಂತರೆ ನೆಮ್ಮದಿಯಾಗಿ ಬಳಸಿ. ಪ್ಲೇಟು ಹೊಳೆಯುತ್ತಿದ್ದೂ ನೀರು ಉಳಿಸಿ ನಿಂತರೆ ಥರ್ಮೋಸ್ಟಾಟ್ ಸವೆದಿದೆ, ಅದನ್ನು ಬದಲಿಸಬಹುದು. ನೀರು ಬತ್ತಿ ಒಂದು ನಿಮಿಷ ಕಳೆದರೂ ನಿಲ್ಲದಿದ್ದರೆ ಪ್ಲಗ್ ಕಿತ್ತು ಗುಜರಿಗೆ ಹಾಕಿ.